ಸೆನ್ಸಿಟಿವ್ ಆಗಿರೋ, ವಯಸ್ಸಾಗ್ತಿರೋ ಮುಖಕ್ಕೆ ಮಾಯಿಶ್ಚರೈಸರ್ ಆರಿಸೋದು ಹೇಗೆ

ನಲವತ್ತು ದಾಟಿದ ಮೇಲೆ ತುಂಬಾ ಜನ ಹೇಳೋ ಮಾತು ಒಂದೇ, ಇಷ್ಟು ವರ್ಷ ಆರಾಮಾಗಿ ಹಚ್ಕೋತಿದ್ದ ಕ್ರೀಮೇ ಈಗ ಹಚ್ಚಿದ ತಕ್ಷಣ ಚುರುಚುರು ಅನ್ನತ್ತೆ, ಕೆನ್ನೆ ಕೆಂಪಗಾಗತ್ತೆ, ಮುಖ ತೊಳೆದು ಬಂದ್ರೆ ಚರ್ಮ ಬಿಗಿದು ಹಿಡಿದ ಹಾಗಿರತ್ತೆ, ಬಾಯಿ ಪಕ್ಕ ಮೂಗಿನ ಪಕ್ಕ ಸಣ್ಣಗೆ ಸಿಪ್ಪೆ ಏಳತ್ತೆ. ವಯಸ್ಸಾಯ್ತಲ್ಲ ಅದಕ್ಕೇ ಹೀಗೆ ಅಂದ್ಕೊಂಡು ಆಂಟಿ ಏಜಿಂಗ್ ಅಂತ ದೊಡ್ಡದಾಗಿ ಬರೆದಿರೋ ದುಬಾರಿ ಕ್ರೀಮ್ ತಂದು ಹಚ್ತಾರೆ, ಅದು ಇನ್ನೂ ಉರಿಯತ್ತೆ. ಯಾಕಂದ್ರೆ ಸುಕ್ಕು ಕಮ್ಮಿ ಮಾಡೋಕೆ ಅಂತ ಹಾಕೋ ಪದಾರ್ಥಗಳಲ್ಲಿ ಸುಮಾರು ಪದಾರ್ಥಗಳು ಸೆನ್ಸಿಟಿವ್ ಚರ್ಮಕ್ಕೆ ಆಗಿಬರಲ್ಲ. ಹಾಗಾಗಿ ನಾನು ಯಾರು ಕೇಳಿದ್ರೂ ಹೇಳೋದು, ಕ್ರೀಮ್ ಆರಿಸುವಾಗ ಮೊದಲು ಸೆನ್ಸಿಟಿವಿಟಿ ನೋಡಿ, ವಯಸ್ಸಿನ ವಿಷಯ ಆಮೇಲೆ ನೋಡಿ. ಉರಿ ನಿಂತು ಚರ್ಮ ಸಮಾಧಾನಕ್ಕೆ ಬಂದ್ರೆ ಅರ್ಧ ಸುಕ್ಕು ಕಾಣ್ಸೋದೇ ಕಮ್ಮಿ ಆಗತ್ತೆ, ಒಣಗಿದ ಚರ್ಮದಲ್ಲಿ ಸಣ್ಣ ಗೆರೆನೂ ಎದ್ದು ಕಾಣತ್ತೆ ಅಷ್ಟೇ.

ಒಳಗೆ ಏನಾಗ್ತಿದೆ ಅಂತ ಸ್ವಲ್ಪ ಗೊತ್ತಿದ್ರೆ ಆರಿಸೋದು ಸುಲಭ. ಚರ್ಮದ ತೀರಾ ಮೇಲಿನ ಪದರ ಇದ್ಯಲ್ಲ, ಅದು ಇಟ್ಟಿಗೆ ಗಾರೆ ಗೋಡೆ ಇದ್ದ ಹಾಗೆ, ಸತ್ತ ಜೀವಕೋಶಗಳು ಇಟ್ಟಿಗೆ, ಮಧ್ಯ ತುಂಬಿರೋ ಕೊಬ್ಬಿನಂಶ ಗಾರೆ. ಆ ಕೊಬ್ಬಿನಲ್ಲಿ ಹೆಚ್ಚುಕಮ್ಮಿ ಅರ್ಧ ಸೆರಮೈಡ್, ಕಾಲು ಭಾಗ ಕೊಲೆಸ್ಟ್ರಾಲ್, ಉಳಿದಿದ್ರಲ್ಲಿ ಬಹುಪಾಲು ಫ್ಯಾಟಿ ಆಸಿಡ್. ವಯಸ್ಸಾಗ್ತಾ ಆಗ್ತಾ ಈ ಮೂರೂ ಕಮ್ಮಿ ಆಗತ್ತೆ, ಎಣ್ಣೆ ಗ್ರಂಥಿಗಳ ಕೆಲಸನೂ ನಿಧಾನ ಆಗತ್ತೆ, 5ರ ಆಸುಪಾಸು ಇರ್ಬೇಕಾದ ಚರ್ಮದ ಪಿಎಚ್ (ಆಮ್ಲ, ಕ್ಷಾರದ ಅಳತೆ) ಸ್ವಲ್ಪ ಮೇಲಕ್ಕೆ ಹೋಗತ್ತೆ. ಒಳಗಿನ ನೀರು ಬೇಗ ಆವಿಯಾಗತ್ತೆ, ಹೊರಗಿನ ಸೋಪು, ಸೆಂಟು, ಧೂಳು ಸುಲಭವಾಗಿ ಒಳಗೆ ನುಗ್ಗತ್ತೆ, ಏನಾದ್ರೂ ಡ್ಯಾಮೇಜ್ ಆದ್ರೆ ಸರಿಹೋಗೋಕೆ ಮೊದಲಿಗಿಂತ ಜಾಸ್ತಿ ದಿನ ಬೇಕು. ಹೆಂಗಸರಿಗೆ ಮುಟ್ಟು ನಿಂತ ಮೇಲಿನ ಮೊದಲ 5 ವರ್ಷದಲ್ಲೇ ಚರ್ಮನ ಬಿಗಿಯಾಗಿಡೋ ಕೊಲಾಜೆನ್ ಅನ್ನೋ ಪ್ರೋಟೀನ್ ಸುಮಾರು 30 ಪರ್ಸೆಂಟ್ ಇಳಿಯತ್ತೆ ಅಂತ ಡಾಕ್ಟ್ರುಗಳು ಹೇಳ್ತಾರೆ, ಅದಕ್ಕೇ ಆ ಟೈಮಲ್ಲಿ ಬದಲಾವಣೆ ದಿಢೀರ್ ಅಂತ ಬಂದ ಹಾಗೆ ಅನ್ಸೋದು.

ಕ್ರೀಮ್ ಬದಲಾಯಿಸೋಕೆ ಮುಂಚೆ ಮುಖ ತೊಳೆಯೋದು ಯಾವುದ್ರಲ್ಲಿ ಅಂತ ಒಂದ್ಸಲ ನೋಡ್ಕೊಳ್ಳಿ. ಮಾಮೂಲಿ ಸೋಪಿನ ಪಿಎಚ್ 9, 10ರ ಹತ್ರ ಇರತ್ತೆ, ದಿನಾ ಎರಡು ಸಲ ಅದ್ರಲ್ಲಿ ತೊಳೆದು ಮೇಲೆ ಎಂಥಾ ಒಳ್ಳೆ ಕ್ರೀಮ್ ಹಚ್ಚಿದ್ರೂ ಪ್ರಯೋಜನ ಇಲ್ಲ. ನೊರೆ ಕಮ್ಮಿ ಬರೋ, ಸೆಂಟ್ ಇಲ್ದಿರೋ ಮೈಲ್ಡ್ ಕ್ಲೆನ್ಸರ್ ರಾತ್ರಿ ಒಂದ್ಸಲ, ಬೆಳಗ್ಗೆ ಬರೀ ನೀರು, ತುಂಬಾ ಜನಕ್ಕೆ ಇಷ್ಟೇ ಸಾಕು. ಸ್ಕ್ರಬ್ ಪೂರ್ತಿ ಬಿಡಿ.

ಈಗ ಕ್ರೀಮಿಗೆ ಬರೋಣ. ಮಾಯಿಶ್ಚರೈಸರ್ ಒಳಗೆ ಹಾಕೋ ಮುಖ್ಯ ಪದಾರ್ಥಗಳಲ್ಲಿ ಮೂರು ತರ ಇದೆ. ಒಂದು ನೀರನ್ನ ಎಳೆದು ಹಿಡಿಯೋದು, ಗ್ಲಿಸರಿನ್, ಹೈಅಲುರಾನಿಕ್ ಆಸಿಡ್, ಪ್ಯಾಂಥೆನಾಲ್, ಯೂರಿಯಾ ಇವೆಲ್ಲ. ಎರಡನೇದು ಒರಟಾಗಿರೋ ಚರ್ಮನ ನಯ ಮಾಡೋದು, ಸ್ಕ್ವಾಲೇನ್, ಶಿಯಾ ಬಟರ್, ಸೆರಮೈಡ್ ಈ ತರದ್ದು. ಮೂರನೇದು ಮೇಲೆ ಮುಚ್ಚಳ ಹಾಕಿದ ಹಾಗೆ ಕೂತು ನೀರು ಹೋಗದಂಗೆ ತಡೆಯೋದು, ಪೆಟ್ರೋಲಿಯಂ ಜೆಲ್ಲಿ, ಡೈಮೆಥಿಕೋನ್. ಚಿಕ್ಕ ವಯಸ್ಸಿನ ಜಿಡ್ಡು ಚರ್ಮಕ್ಕೆ ಮೊದಲನೇದು ಮಾತ್ರ ಇದ್ರೂ ನಡಿಯತ್ತೆ, ವಯಸ್ಸಾದ ಒಣ ಚರ್ಮಕ್ಕೆ ಮೂರೂ ಬೇಕು. ಬರೀ ಹೈಅಲುರಾನಿಕ್ ಆಸಿಡ್ ಸೀರಮ್ ಹಚ್ಚಿ ಮೇಲೆ ಏನೂ ಹಚ್ದೆ ಬಿಟ್ರೆ ಒಣ ಹವೆಯಲ್ಲಿ, ಏಸಿ ರೂಮಲ್ಲಿ ಕೂತಾಗ ಮುಖ ಇನ್ನೂ ಬಿಗಿಯೋದು ಅದಕ್ಕೇ. ಇವುಗಳಲ್ಲಿ ನನಗೆ ತುಂಬಾ ನಂಬಿಕೆ ಇರೋದು ಗ್ಲಿಸರಿನ್ ಮೇಲೆ, ಹಳೇದು, ಅಗ್ಗದ್ದು, ಯಾರೂ ಜಾಹೀರಾತು ಮಾಡಲ್ಲ, ಆದ್ರೆ ಕೆಲಸ ಮಾಡೋದ್ರಲ್ಲಿ ಮುಂದೆ. ಯೂರಿಯಾನೂ ಒಳ್ಳೇದೇ, ಆದ್ರೆ ಚರ್ಮ ಒಡೆದಿದ್ರೆ ಉರಿಯತ್ತೆ, ಮುಖಕ್ಕೆ ಅದು ಜಾಸ್ತಿ ಇರೋದು ಬೇಡ.

ಡಬ್ಬಿ ಮುಂದೆ ಬರೆದಿರೋದನ್ನ ಬಿಟ್ಟು ಹಿಂದೆ ತಿರುಗಿಸಿ ಓದೋ ಅಭ್ಯಾಸ ಮಾಡ್ಕೊಳ್ಳಿ, ಇದೊಂದು ಬಂದ್ರೆ ಮುಕ್ಕಾಲು ಕೆಲಸ ಮುಗೀತು. ಪದಾರ್ಥಗಳ ಪಟ್ಟಿಯಲ್ಲಿ ಜಾಸ್ತಿ ಇರೋದು ಮೊದಲು, ಕಮ್ಮಿ ಇರೋದು ಕೊನೆಗೆ ಬರತ್ತೆ, 1 ಪರ್ಸೆಂಟಿಗಿಂತ ಕಮ್ಮಿ ಇರೋವನ್ನ ಮಾತ್ರ ಕಂಪನಿಯವರು ತಮಗೆ ಬೇಕಾದ ಕ್ರಮದಲ್ಲಿ ಬರೀಬಹುದು. ಆ 1 ಪರ್ಸೆಂಟಿನ ಗೆರೆ ಎಲ್ಲಿ ಅಂತ ಅಂದಾಜು ಮಾಡೋಕೆ ಒಂದು ಉಪಾಯ ಇದೆ, ಫಿನಾಕ್ಸಿಎಥನಾಲ್ ಅನ್ನೋ ಪ್ರಿಸರ್ವೇಟಿವ್ (ಕ್ರೀಮ್ ಕೆಡದಂಗೆ ಹಾಕೋ ವಸ್ತು) ಎಷ್ಟೋ ಕ್ರೀಮುಗಳಲ್ಲಿ ಇರತ್ತೆ, ಯುರೋಪಿನ ನಿಯಮದಲ್ಲಿ ಅದಕ್ಕೆ 1 ಪರ್ಸೆಂಟೇ ಮಿತಿ, ಹಾಗಾಗಿ ಪಟ್ಟಿಯಲ್ಲಿ ಅದರ ನಂತರ ಬರೋದೆಲ್ಲ ಸಾಮಾನ್ಯವಾಗಿ ಚಿಟಿಕೆಯಷ್ಟೇ ಇರೋದು. ಡಬ್ಬಿ ಮುಂದೆ ಹೂವಿನ ಫೋಟೋ ಹಾಕಿ ಯಾವುದೋ ಅಪರೂಪದ ಗಿಡದ ಸಾರ ಅಂತ ಬರೆದಿರ್ತಾರೆ, ಹಿಂದೆ ನೋಡಿದ್ರೆ ಅದು ಫಿನಾಕ್ಸಿಎಥನಾಲ್ ಆದ್ಮೇಲೆ ಕೂತಿರತ್ತೆ. ಸೆರಮೈಡ್ ಮಾತ್ರ ಇದಕ್ಕೆ ಹೊರತು, ಅದು ಸ್ವಲ್ಪ ಇದ್ರೂ ಸಾಕು, ಪಟ್ಟಿಯಲ್ಲಿ ಕೆಳಗಿದೆ ಅಂತ ಬಿಡೋ ಹಾಗಿಲ್ಲ.

ಉದಾಹರಣೆಗೆ ಕೈಯಲ್ಲಿ ಎರಡು ಟ್ಯೂಬ್ ಇದೆ ಅಂದ್ಕೊಳ್ಳಿ. ಒಂದರ ಹಿಂದೆ ಹೀಗಿದೆ, ನೀರು, ಗ್ಲಿಸರಿನ್, ಸೀಟೆರಿಲ್ ಆಲ್ಕೋಹಾಲ್, ಸ್ಕ್ವಾಲೇನ್, ಡೈಮೆಥಿಕೋನ್, ಪ್ಯಾಂಥೆನಾಲ್, ಸೆರಮೈಡ್ ಎನ್‌ಪಿ, ಕೊಲೆಸ್ಟ್ರಾಲ್, ಫಿನಾಕ್ಸಿಎಥನಾಲ್. ಇನ್ನೊಂದ್ರಲ್ಲಿ ನೀರು, ಆಲ್ಕೋಹಾಲ್ ಡಿನ್ಯಾಟ್, ಗ್ಲಿಸರಿನ್, ಕಿತ್ತಳೆ ಸಿಪ್ಪೆ ಎಣ್ಣೆ, ಗ್ಲೈಕಾಲಿಕ್ ಆಸಿಡ್, ಪರ್ಫ್ಯೂಮ್, ಲಿನಲೂಲ್, ಲಿಮೋನೀನ್ (ಕೊನೆಯ ಎರಡೂ ಸೆಂಟಿನ ಅಂಶಗಳೇ). ಮೊದಲನೇದ್ರಲ್ಲಿ ಆಲ್ಕೋಹಾಲ್ ಅನ್ನೋ ಪದ ನೋಡಿ ಗಾಬರಿ ಆಗ್ಬೇಡಿ, ಸೀಟೆರಿಲ್, ಸೀಟೈಲ್, ಸ್ಟಿಯರಿಲ್ ಅಂತ ಹಿಂದೆ ಇದ್ರೆ ಅದು ಮೇಣದ ತರದ ನಯ ಮಾಡೋ ವಸ್ತು. ಒಣಗಿಸೋದು ಎರಡನೇದ್ರಲ್ಲಿರೋ ಆಲ್ಕೋಹಾಲ್ ಡಿನ್ಯಾಟ್, ಅದೂ ಪಟ್ಟಿಯ ಎರಡನೇ ಜಾಗದಲ್ಲಿ ಅಂದ್ರೆ ತುಂಬಾನೇ ಇದೆ ಅಂತ ಅರ್ಥ. ಎರಡನೇ ಟ್ಯೂಬ್ ವಾಸನೆ ಚೆನ್ನಾಗಿರತ್ತೆ, ಹಚ್ಚಿದ ತಕ್ಷಣ ಹಗುರ ಅನ್ಸತ್ತೆ, ಅಂಗಡಿಯಲ್ಲಿ ಕೈ ಮೇಲೆ ಹಚ್ಚಿ ನೋಡಿದ್ರೆ ಎಲ್ಲರೂ ಅದನ್ನೇ ಇಷ್ಟಪಡ್ತಾರೆ, ಆದ್ರೆ ನಿಮ್ಮ ಮುಖಕ್ಕೆ ಬೇಕಾಗಿರೋದು ಮೊದಲನೇದು.

ಸೆಂಟಿನ ಬಗ್ಗೆ ನಾನು ಸ್ವಲ್ಪ ಹಠ ಮಾಡೇ ಹೇಳ್ತೀನಿ. ಕಾಸ್ಮೆಟಿಕ್ಸಿಂದ ಆಗೋ ಅಲರ್ಜಿಗೆ ಸುಗಂಧ ದ್ರವ್ಯ ಮುಖ್ಯ ಕಾರಣಗಳಲ್ಲಿ ಒಂದು, ನೈಸರ್ಗಿಕ ಅಂತ ಹೇಳೋ ಲ್ಯಾವೆಂಡರ್ ಎಣ್ಣೆ, ಟೀ ಟ್ರೀ ಎಣ್ಣೆ, ನಿಂಬೆ ಎಣ್ಣೆನೂ ಇದೇ ಲೆಕ್ಕಕ್ಕೇ ಬರತ್ತೆ, ಗಿಡದಿಂದ ಬಂದಿದೆ ಅಂದ ಮಾತ್ರಕ್ಕೆ ಚರ್ಮ ಒಪ್ಪತ್ತೆ ಅಂತೇನಿಲ್ಲ. ಇನ್ನೊಂದು ವಿಷಯ, ಅನ್‌ಸೆಂಟೆಡ್ ಅಂತ ಇದ್ರೆ ಸಾಲಲ್ಲ, ಬೇರೆ ಪದಾರ್ಥದ ವಾಸನೆ ಮುಚ್ಚೋಕೆ ಅಂತ ಅದಕ್ಕೂ ಸೆಂಟ್ ಸೇರಿಸಿರಬಹುದು, ಫ್ರೇಗ್ರೆನ್ಸ್ ಫ್ರೀ ಅಂತ ಇರೋದನ್ನ ಹುಡುಕಿ, ಹಿಂದಿನ ಪಟ್ಟಿಲೂ ಒಂದ್ಸಲ ಖಾತ್ರಿ ಮಾಡ್ಕೊಳ್ಳಿ. ಪ್ರಿಸರ್ವೇಟಿವ್‌ಗಳಲ್ಲಿ ತಪ್ಪಿಸ್ಬೇಕಾದ್ದು ಮೀಥೈಲ್ ಐಸೋಥಯಾಜೋಲಿನೋನ್, ಇದರಿಂದ ಎಷ್ಟು ಜನಕ್ಕೆ ಅಲರ್ಜಿ ಆಯ್ತು ಅಂದ್ರೆ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ (ತಾಗಿದ ವಸ್ತುವಿನಿಂದ ಚರ್ಮ ಕೆರಳೋದು) ತಜ್ಞರ ಸೊಸೈಟಿ 2013ರಲ್ಲಿ ಇದನ್ನೇ ವರ್ಷದ ಅಲರ್ಜನ್, ಅಂದ್ರೆ ಅಲರ್ಜಿ ತರೋ ವಸ್ತು, ಅಂತ ಹೆಸರಿಸ್ತು, ಹಚ್ಚಿ ತೊಳೆಯದೇ ಬಿಡೋ ಕ್ರೀಮುಗಳಲ್ಲಿ ಯುರೋಪ್ ಇದನ್ನ ನಿಷೇಧನೇ ಮಾಡಿದೆ. ಡಿಎಂಡಿಎಂ ಹೈಡಾಂಟೊಯಿನ್ ತರದ, ನಿಧಾನವಾಗಿ ಫಾರ್ಮಾಲ್ಡಿಹೈಡ್ ಬಿಡೋ ಪ್ರಿಸರ್ವೇಟಿವ್‌ಗಳೂ ಬೇಡ. ಎಲ್ಲರೂ ಹೆದರೋ ಪ್ಯಾರಬೆನ್ ಮಾತ್ರ ಅಲರ್ಜಿ ವಿಷಯದಲ್ಲಿ ತುಂಬಾ ಸಾಧು, ಅದೇ ಸೊಸೈಟಿ 2019ರಲ್ಲಿ ಪ್ಯಾರಬೆನನ್ನ ಅಲರ್ಜಿ ಮಾಡದ ವಸ್ತು ಅಂತಲೇ ಹೆಸರಿಸಿತ್ತು. ಪ್ಯಾರಬೆನ್ ಫ್ರೀ ಅಂತ ಬೋರ್ಡ್ ನೋಡಿ ಇನ್ನೂ ಕಿರಿಕಿರಿ ಮಾಡೋ ಪ್ರಿಸರ್ವೇಟಿವ್ ಇರೋ ಕ್ರೀಮ್ ತರೋದ್ರಲ್ಲಿ ಅರ್ಥ ಇಲ್ಲ.

ಹೈಪೋಅಲರ್ಜೆನಿಕ್, ಡರ್ಮಟಾಲಜಿಸ್ಟ್ ಟೆಸ್ಟೆಡ್ ಅನ್ನೋ ಮಾತುಗಳನ್ನ ನಂಬಿ ದುಡ್ಡು ಕೊಡ್ಬೇಡಿ, ಅಮೆರಿಕದಲ್ಲೇ ಹೈಪೋಅಲರ್ಜೆನಿಕ್ ಅನ್ನೋಕೆ ಸರ್ಕಾರದ ಮಾನದಂಡ ಇಲ್ಲ, ಕಂಪನಿ ಹೇಳಿದ್ದೇ ಅರ್ಥ. ಕೊಲಾಜೆನ್ ಕ್ರೀಮ್ ಕತೆನೂ ಹೀಗೇ, ಅಣುವಿನ ತೂಕ ಅಳೆಯೋದು ಡಾಲ್ಟನ್ ಲೆಕ್ಕದಲ್ಲಿ, 500 ಡಾಲ್ಟನ್‌ಗಿಂತ ದೊಡ್ಡ ಅಣುಗಳು ಆರೋಗ್ಯವಾಗಿರೋ ಚರ್ಮ ದಾಟಿ ಒಳಗೆ ಹೋಗೋದು ಕಷ್ಟ, ಕೊಲಾಜೆನ್ ಅಣು ಸುಮಾರು 3 ಲಕ್ಷ ಡಾಲ್ಟನ್ ಇರತ್ತೆ. ಮೇಲೆ ಕೂತು ತೇವ ಹಿಡಿಯತ್ತೆ, ಒಳಗೆ ಹೋಗಿ ಸುಕ್ಕು ತುಂಬಲ್ಲ.

ಡಬ್ಬಿ ವಿಷಯಕ್ಕೆ ಬಂದ್ರೆ ಬೆರಳು ಅದ್ದೋ ಜಾರ್‌ಗಿಂತ ಟ್ಯೂಬ್ ಅಥವಾ ಪಂಪ್ ಒಳ್ಳೇದು. ತೆರೆದ ಮುಚ್ಚಳದ ಚಿತ್ರದ ಒಳಗೆ 6 ಅಥವಾ 12 ಅಂತ ಬರೆದಿರತ್ತಲ್ಲ, ಅದು ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದು ಅಂತ.

ಹೊಸ ಕ್ರೀಮ್ ತಂದ ದಿನವೇ ಮುಖಕ್ಕೆ ಬಳ್ಕೊಳ್ಳೋದು ಬೇಡ. ಮೊಣಕೈ ಒಳಭಾಗದಲ್ಲಿ ನಾಣ್ಯದಷ್ಟು ಜಾಗಕ್ಕೆ ದಿನಾ ಎರಡು ಸಲ, ಒಂದು ವಾರದಿಂದ 10 ದಿನ ಹಚ್ಚಿ ನೋಡಿ, ತೊಳೀಬೇಡಿ, ಹಾಗೇ ಬಿಡಿ. ಒಂದೇ ದಿನ ಹಚ್ಚಿ ಏನೂ ಆಗ್ಲಿಲ್ಲ ಅಂತ ಮುಖಕ್ಕೆ ಹಚ್ಚೋರು ತುಂಬಾ ಜನ, ಆದ್ರೆ ಅಲರ್ಜಿ ಅನ್ನೋದು ಒಂದೆರಡು ದಿನ ಬಿಟ್ಟು ತುರಿಕೆ, ದದ್ದು ಆಗಿ ಬರೋದೇ ಜಾಸ್ತಿ, ಹಚ್ಚಿದ ತಕ್ಷಣ ಬರೋ ಉರಿ ಬೇರೆ, ಅದು ಸಾಮಾನ್ಯವಾಗಿ ಚರ್ಮದ ಗೋಡೆ ಹಾಳಾಗಿರೋದ್ರಿಂದ. ಕೈಯಲ್ಲಿ ಸರಿ ಹೋದ್ರೆ ಆಮೇಲೆ ಕಿವಿ ಕೆಳಗೆ ದವಡೆ ಹತ್ರ ಎರಡು ಮೂರು ದಿನ, ಆಮೇಲೆ ಪೂರ್ತಿ ಮುಖ. ಕಣ್ಣಿನ ರೆಪ್ಪೆ ಚರ್ಮ ತುಂಬಾ ತೆಳು, ಎಷ್ಟೋ ಸಲ ಅಲರ್ಜಿ ಮೊದಲು ಅಲ್ಲೇ ಊತ ತುರಿಕೆಯಾಗಿ ಕಾಣಿಸ್ಕೊಳ್ಳತ್ತೆ, ಅಲ್ಲಿ ಗಮನ ಇರ್ಲಿ. ಹಾಗೇ ವರ್ಷಗಟ್ಟಲೆ ಬಳಸ್ತಿದ್ದ ಕ್ರೀಮಿಗೂ ಇದ್ದಕ್ಕಿದ್ದ ಹಾಗೆ ಅಲರ್ಜಿ ಶುರು ಆಗಬಹುದು, ಅದು ಹಳೇದು ಹಾಗಾಗಿ ಅದ್ರಿಂದ ಇರಲ್ಲ ಅಂತ ಅನುಮಾನದ ಪಟ್ಟಿಯಿಂದ ತೆಗೀಬೇಡಿ.

ಹಚ್ಚೋ ರೀತಿನೂ ಮುಖ್ಯ. ಮುಖ ತೊಳೆದು ಟವೆಲಲ್ಲಿ ಒತ್ತಿ, ಉಜ್ಜಬೇಡಿ, ಇನ್ನೂ ಸ್ವಲ್ಪ ತೇವ ಇರುವಾಗಲೇ ಹಚ್ಚಿ, ಪೂರ್ತಿ ಒಣಗಿದ ಮೇಲೆ ಹಚ್ಚಿದ್ರೆ ಹಿಡಿದಿಡೋಕೆ ನೀರೇ ಇರಲ್ಲ. ಕುತ್ತಿಗೆ ಮರೀಬೇಡಿ. ರಾತ್ರಿ ತುಂಬಾ ಒಣಗೋರು ಕ್ರೀಮ್ ಮೇಲೆ ಕೆನ್ನೆಗೆ, ಬಾಯಿ ಸುತ್ತ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ನೀರು ಆವಿಯಾಗೋದನ್ನ ಅದರಷ್ಟು ಚೆನ್ನಾಗಿ ತಡೆಯೋದು ಇನ್ನೊಂದಿಲ್ಲ. ಗಂಡಸರು ಶೇವಿಂಗ್ ಆದ್ಮೇಲೆ ಆಫ್ಟರ್ ಶೇವ್ ಬದಲು ಇದೇ ಕ್ರೀಮ್ ಹಚ್ಕೊಳ್ಳಿ.

ಇನ್ನು ವಯಸ್ಸಿನ ವಿಷಯ. ಇದಕ್ಕೆ ನಿಜವಾಗ್ಲೂ ಕೆಲಸ ಮಾಡೋದು ಸನ್‌ಸ್ಕ್ರೀನ್. ಆಸ್ಟ್ರೇಲಿಯಾದ ನಂಬೂರ್ ಅನ್ನೋ ಊರಲ್ಲಿ 903 ಜನರನ್ನ ನಾಲ್ಕೂವರೆ ವರ್ಷ ಗಮನಿಸಿ 2013ರಲ್ಲಿ ಫಲಿತಾಂಶ ಪ್ರಕಟ ಮಾಡಿದ್ರು, ದಿನಾ ಹಚ್ಚೋಕೆ ಹೇಳಿದ್ದ ಗುಂಪಲ್ಲಿ, ತಮಗೆ ಬೇಕಾದಾಗ ಮಾತ್ರ ಹಚ್ತಿದ್ದೋರಿಗಿಂತ, ಚರ್ಮಕ್ಕೆ ವಯಸ್ಸಾಗೋದು 24 ಪರ್ಸೆಂಟ್ ಕಮ್ಮಿ ಇತ್ತು. ಸುಕ್ಕಿಗೆ ಅಂತ ಮಾರೋ ಎಷ್ಟೋ ಕ್ರೀಮುಗಳ ಹಿಂದೆ ಇಷ್ಟು ಗಟ್ಟಿ ಪುರಾವೆ ಇಲ್ಲ. ಸೆನ್ಸಿಟಿವ್ ಇರೋರು ಝಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರೋ, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿ, ಬ್ರಾಡ್ ಸ್ಪೆಕ್ಟ್ರಮ್ ಅಂತ ಬರೆದಿರೋದನ್ನ ತಗೊಳ್ಳಿ, ಉರಿ ಕಮ್ಮಿ, ಕಣ್ಣಿಗೆ ಇಳಿದ್ರೂ ಅಷ್ಟು ಚುಚ್ಚಲ್ಲ. ಸ್ವಲ್ಪ ಬೆಳ್ಳಗೆ ಕಾಣತ್ತೆ ನಿಜ, ಟಿಂಟ್ ಇರೋದು ತಗೊಂಡ್ರೆ ಅದೂ ತಪ್ಪತ್ತೆ. ಎಸ್‌ಪಿಎಫ್ ಇರೋ ಮಾಯಿಶ್ಚರೈಸರ್ ಒಂದೇ ಸಾಕಾ ಅಂತ ಕೇಳ್ತಾರೆ, ಮನೆಯೊಳಗೇ ಇರೋರಿಗೆ ನಡಿಯತ್ತೆ, ಹೊರಗೆ ಓಡಾಡೋರಿಗೆ ಸಾಲಲ್ಲ, ಯಾಕಂದ್ರೆ ಮಾಯಿಶ್ಚರೈಸರನ್ನ ನಾವು ಸನ್‌ಸ್ಕ್ರೀನ್ ಅಷ್ಟು ದಪ್ಪಗೆ ಹಚ್ಚಲ್ಲ.

ಮುಖ ಉರಿ, ಬಿಗಿತ ಇಲ್ದೆ ಒಂದೆರಡು ತಿಂಗಳು ಆರಾಮಾಗಿ ಇದ್ಮೇಲೆ ಬೇಕಾದ್ರೆ ನಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಇರೋ ಕ್ರೀಮ್ ನೋಡಿ, 2ರಿಂದ 5 ಪರ್ಸೆಂಟ್ ಸಾಕು, 10 ಅಂತ ಬರೆದಿದ್ರೆ ಕೆಲವರಿಗೆ ಕೆಂಪಾಗತ್ತೆ. ಸುಕ್ಕಿಗೆ ಹಚ್ಚೋ ರೆಟಿನಾಲ್ (ವಿಟಮಿನ್ ಎ ರೂಪ) ಒಳ್ಳೇದೇ, ಆದ್ರೆ ಅದನ್ನ ಮಾಯಿಶ್ಚರೈಸರ್ ಒಳಗೇ ಬೆರೆಸಿರೋದನ್ನ ತಗೋಬೇಡಿ. ಉರಿ ಬಂದ್ರೆ ಎರಡನ್ನೂ ಒಟ್ಟಿಗೆ ನಿಲ್ಲಿಸ್ಬೇಕಾಗತ್ತೆ, ಮುಖಕ್ಕೆ ಏನೂ ಇಲ್ದಂಗಾಗತ್ತೆ. ಬೇರೆ ಟ್ಯೂಬಲ್ಲಿದ್ರೆ ವಾರಕ್ಕೆ ಒಂದೆರಡು ರಾತ್ರಿ ಬಟಾಣಿ ಗಾತ್ರ, ಮೊದಲು ಮಾಯಿಶ್ಚರೈಸರ್ ಹಚ್ಚಿ ಅದರ ಮೇಲೆ ಹಚ್ಚಬಹುದು, ಚರ್ಮ ಒಪ್ಪಿದ್ರೆ ನಿಧಾನಕ್ಕೆ ಜಾಸ್ತಿ ಮಾಡಬಹುದು. ಗರ್ಭಿಣಿಯರು, ಮಗು ಬೇಕು ಅಂತ ಪ್ಲಾನ್ ಮಾಡ್ತಿರೋರು ರೆಟಿನಾಲನ್ನ ಮುಟ್ಟಬಾರದು. ಒಂದು ಸಲಕ್ಕೆ ಒಂದೇ ಹೊಸ ವಸ್ತು, ಎರಡು ಒಟ್ಟಿಗೆ ಶುರು ಮಾಡಿದ್ರೆ ತೊಂದರೆ ಕೊಟ್ಟಿದ್ದು ಯಾವುದು ಅಂತ ಗೊತ್ತಾಗಲ್ಲ.

ಇಷ್ಟೆಲ್ಲ ಮಾಡಿನೂ ಕೆನ್ನೆ ಮೂಗು ಸದಾ ಕೆಂಪಗೇ ಇದ್ರೆ, ಸಣ್ಣ ರಕ್ತನಾಳ ಕಾಣ್ತಿದ್ರೆ, ಗುಳ್ಳೆ ಬರ್ತಿದ್ರೆ, ಹುಬ್ಬಿನ ಮಧ್ಯ ಮತ್ತೆ ಮೂಗಿನ ಪಕ್ಕ ಹಳದಿ ಬಣ್ಣದ ಹೊಟ್ಟು ಬರ್ತಿದ್ರೆ ಅದು ಬರೀ ಸೆನ್ಸಿಟಿವ್ ಚರ್ಮ ಇರಲಿಕ್ಕಿಲ್ಲ, ರೊಸೇಶಿಯಾನೋ ಸೆಬೊರಿಕ್ ಡರ್ಮಟೈಟಿಸೋ ಅನ್ನೋ ಚರ್ಮದ ಕಾಯಿಲೆ ಇರಬಹುದು, ಅದಕ್ಕೆ ಔಷಧಿ ಬೇರೆ ಇದೆ. ಯಾರದ್ದೋ ಮಾತು ಕೇಳಿ ಸ್ಟೀರಾಯ್ಡ್ ಕ್ರೀಮ್ ಹಚ್ಚೋದು ಖಂಡಿತ ಬೇಡ, ಮೊದಲ ವಾರ ಮುಖ ಚೆನ್ನಾಗಾದ ಹಾಗೆ ಕಾಣತ್ತೆ, ದಿನ ಹೋದ ಹಾಗೆ ಚರ್ಮ ತೆಳುವಾಗಿ ಬಿಟ್ಟ ತಕ್ಷಣ ಉರಿ ಎರಡರಷ್ಟಾಗತ್ತೆ. ಚರ್ಮದ ಡಾಕ್ಟ್ರ ಹತ್ರ ಹೋಗುವಾಗ ಮುಖಕ್ಕೆ, ತಲೆಗೆ ಹಚ್ಚೋ ಎಲ್ಲಾನೂ ಒಂದು ಚೀಲದಲ್ಲಿ ಹಾಕ್ಕೊಂಡು ಹೋಗಿ, ಶಾಂಪೂ, ಹೇರ್ ಡೈ, ನೇಲ್ ಪಾಲಿಶ್ ಕೂಡ, ರೆಪ್ಪೆ ಮೇಲಿನ ಅಲರ್ಜಿ ಎಷ್ಟೋ ಸಲ ಉಗುರಿನ ಬಣ್ಣದಿಂದ ಬಂದಿರತ್ತೆ. ಪ್ಯಾಚ್ ಟೆಸ್ಟ್ ಮಾಡ್ತೀರಾ ಅಂತ ನೀವೇ ಕೇಳಿ, ಅಲರ್ಜಿ ತರೋ ವಸ್ತುಗಳನ್ನ ಹಾಕಿರೋ ಪಟ್ಟಿ ಬೆನ್ನ ಮೇಲೆ ಅಂಟಿಸಿ ಎರಡು ದಿನ ಬಿಟ್ಟು ತೆಗೆದು, ಆಮೇಲೆ ಮತ್ತೆ ಒಂದೆರಡು ದಿನ ಬಿಟ್ಟು ನೋಡ್ತಾರೆ. ಯಾವ ವಸ್ತು ಆಗಲ್ಲ ಅಂತ ಹೆಸರು ಸಮೇತ ಬರ್ಕೊಡ್ತಾರೆ, ಆ ಚೀಟಿದೊಂದು ಫೋಟೋ ತೆಗೆದು ಮೊಬೈಲಲ್ಲಿ ಇಟ್ಕೊಳ್ಳಿ, ಮುಂದಿನ ಸಲ ಕ್ರೀಮ್ ತಗೊಳ್ಳುವಾಗ ಹಿಂದಿನ ಪಟ್ಟಿ ಜೊತೆ ತಾಳೆ ನೋಡೋಕೆ ಬೇಕಾಗತ್ತೆ.