ಬೆಂಗಳೂರಿನಲ್ಲಿ ಬಾಡಿಗೆ ಮನೆ: ಮುಂಗಡ ಕೊಡುವ ಮುನ್ನ ನೋಡಬೇಕಾದದ್ದು

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರು ಹೆಚ್ಚಾಗಿ ಭಾನುವಾರ ಬೆಳಿಗ್ಗೆಯೇ ಮನೆ ನೋಡಲು ಹೋಗುತ್ತಾರೆ. ಆ ಹೊತ್ತಿಗೆ ರಸ್ತೆಯಲ್ಲಿ ಜನಸಂಚಾರ ಕಡಿಮೆ ಇರುತ್ತದೆ, ಗೋಡೆಗೆ ಹೊಸದಾಗಿ ಬಣ್ಣ ಬಳಿದಿರುತ್ತದೆ, ಮೇಲಿನ ಟ್ಯಾಂಕ್ ತುಂಬಿರುತ್ತದೆ. ಹಿಂದೆ ಇನ್ನೂ ನಾಲ್ಕು ಜನ ಮನೆ ನೋಡಲು ಕಾದಿದ್ದಾರೆ ಎಂದು ಬ್ರೋಕರ್ ಅವಸರಪಡಿಸುತ್ತಾರೆ, ಹತ್ತು ನಿಮಿಷ ನೋಡಿ ಟೋಕನ್ ಹಣ ಕೊಟ್ಟು ಬಂದುಬಿಡುತ್ತೇವೆ. ಆದರೆ ನಾವು ಆ ಮನೆಯಲ್ಲಿ ಏಪ್ರಿಲ್ ತಿಂಗಳ ನೀರಿನ ಅಭಾವವನ್ನೂ ಸೆಪ್ಟೆಂಬರ್ ತಿಂಗಳ ಮಳೆಯನ್ನೂ ಕಳೆಯಬೇಕು, ಕೊನೆಗೊಂದು ದಿನ ಖಾಲಿ ಮಾಡಿ ಮುಂಗಡದ ಹಣವನ್ನು ವಾಪಸ್ ಪಡೆಯಬೇಕು. ಈ ಮೂರನ್ನೂ ಮನೆ ನೋಡುವ ದಿನವೇ ಸಾಕಷ್ಟು ಮಟ್ಟಿಗೆ ಅಂದಾಜು ಮಾಡಬಹುದು. ಹೇಗೆಂಬುದನ್ನು, ಈ ನಗರದಲ್ಲಿ ಹಲವು ಮನೆ ಬದಲಿಸಿದ ಅನುಭವದಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೀರು. ಹಜಾರ ಎಷ್ಟು ದೊಡ್ಡದು, ಅಡುಗೆಮನೆಯಲ್ಲಿ ಎಷ್ಟು ಕಪಾಟುಗಳಿವೆ ಎಂಬುದೆಲ್ಲ ಆಮೇಲಿನ ಮಾತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಕಾದು ಕುಳಿತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಈ ನಗರದ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯ ಕಡೆಯಿಂದ ಪಂಪ್ ಆಗಿ ಮೇಲೇರಿ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತದ ಯೋಜನೆ, ಪಾಲಿಕೆಗೆ ಸೇರಿದ 110 ಹಳ್ಳಿಗಳ ಪ್ರದೇಶಕ್ಕೆ ದಿನಕ್ಕೆ 775 ದಶಲಕ್ಷ ಲೀಟರ್ ಕೊಡುವ ಉದ್ದೇಶದಿಂದ ಆದದ್ದು. ಹಾಗೆಂದು ರಸ್ತೆಯಲ್ಲಿ ಪೈಪ್ ಹಾದುಹೋಗಿದ್ದರೆ ಆ ಕಟ್ಟಡಕ್ಕೆ ನೀರು ಬರುತ್ತದೆಂದು ಅರ್ಥವಲ್ಲ. ಕಟ್ಟಡಕ್ಕೆ ಜಲಮಂಡಳಿಯ ಸಂಪರ್ಕವಿದೆಯೇ ಎಂದು ಕೇಳಿ, ಇತ್ತೀಚಿನ ನೀರಿನ ಬಿಲ್ಲನ್ನು ತೋರಿಸಲು ವಿನಂತಿಸಿ. ಬಿಲ್ ಇಲ್ಲದ ಮನೆಯಲ್ಲಿ "ಕಾವೇರಿ ಬರುತ್ತದೆ" ಎಂಬ ಬಾಯಿಮಾತನ್ನು ನಂಬಬೇಡಿ. ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಎಷ್ಟು ಹೊತ್ತಿಗೆ, ಎಷ್ಟು ಗಂಟೆ ಎಂಬುದನ್ನು ಮನೆ ಮಾಲೀಕರನ್ನು ಕೇಳಿದ ಮೇಲೆ ಪಕ್ಕದ ಮನೆಯವರನ್ನೂ ಕೇಳಿ. ಅದೇ ಬೀದಿಯ ಇಸ್ತ್ರಿಯವರನ್ನು ಕೇಳಿದರೆ ಹಿಂದಿನ ಬೇಸಿಗೆಯಲ್ಲಿ ಯಾವ ಮನೆಯ ಮುಂದೆ ಟ್ಯಾಂಕರ್ ನಿಲ್ಲುತ್ತಿತ್ತು ಎಂಬುದೂ ತಿಳಿಯುತ್ತದೆ.

ಆಮೇಲೆ ಸಂಕೋಚಪಡದೆ ಸಂಪಿನ ಮುಚ್ಚಳ ತೆಗೆಸಿ ನೋಡಿ. ಒಳಗೋಡೆಯ ಮೇಲೆ ನೀರು ನಿಂತು ನಿಂತು ಮೂಡಿದ ಗೆರೆಯೊಂದಿರುತ್ತದೆ; ಆ ಸಂಪು ಸಾಮಾನ್ಯವಾಗಿ ಎಲ್ಲಿಯವರೆಗೆ ತುಂಬುತ್ತದೆ ಎಂಬುದನ್ನು ಆ ಗೆರೆ ಹೇಳುತ್ತದೆ. ಇಂದು ನೀರು ಕಂಠಮಟ್ಟ ಇದ್ದು ಗೆರೆ ಅರ್ಧಕ್ಕೇ ನಿಂತಿದ್ದರೆ, ನೀವು ಬರುತ್ತೀರೆಂದು ತುಂಬಿಸಿದ್ದಾರೆಯೇ ಎಂದು ಅನುಮಾನಿಸಬಹುದು. ಲೆಕ್ಕವೂ ಕಷ್ಟವಲ್ಲ. ಆರು ಅಡಿ ಉದ್ದ, ಆರು ಅಡಿ ಅಗಲ, ಆರು ಅಡಿ ಆಳದ ಸಂಪಿನಲ್ಲಿ ಸುಮಾರು 6,100 ಲೀಟರ್ ಹಿಡಿಯುತ್ತದೆ. ನಗರದ ನೀರು ಪೂರೈಕೆಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡವಿದೆ. ಕಟ್ಟಡದಲ್ಲಿ ನಾಲ್ಕು ಮನೆ, ಮನೆಗೆ ನಾಲ್ಕು ಜನ ಎಂದರೆ ದಿನಕ್ಕೆ 2,160 ಲೀಟರ್ ಬೇಕು. ಅಂದರೆ ತುಂಬಿದ ಸಂಪು ಮೂರು ದಿನಕ್ಕೂ ಬರುವುದಿಲ್ಲ. ದಿನ ಬಿಟ್ಟು ದಿನ ನೀರು ಬಿಡುವ ಬೀದಿಯಾದರೆ ಇದು ಸಾಕು, ವಾರಕ್ಕೊಮ್ಮೆ ಬಿಡುವ ಬೀದಿಯಾದರೆ ಉಳಿದ ದಿನಗಳಿಗೆ ಕೊಳವೆಬಾವಿಯೋ ಟ್ಯಾಂಕರೋ ಬೇಕೇ ಬೇಕು. ಟ್ಯಾಂಕರಿನ ಖರ್ಚನ್ನು ಬಾಡಿಗೆಯಲ್ಲೇ ಸೇರಿಸಿದ್ದಾರೆಯೇ, ಮನೆಗಳಿಗೆ ಸಮನಾಗಿ ಹಂಚುತ್ತಾರೆಯೇ ಎಂಬುದನ್ನು ಈಗಲೇ ಇತ್ಯರ್ಥ ಮಾಡಿಕೊಳ್ಳಿ. ಸಂಪಿನ ಪಕ್ಕದಲ್ಲೇ ಒಳಚರಂಡಿಯ ಚೇಂಬರ್ ಇದ್ದರೆ ನೀರಿನ ವಾಸನೆಯನ್ನೊಮ್ಮೆ ನೋಡಿ.

ಕೊಳವೆಬಾವಿಯ ನೀರು ಗಡಸೇ ಎಂದು ತಿಳಿಯಲು ಯಂತ್ರ ಬೇಕಾಗಿಲ್ಲ. ಬಚ್ಚಲುಮನೆಯ ನಲ್ಲಿಯ ಬುಡದಲ್ಲಿ ಬೆರಳಾಡಿಸಿದಾಗ ಸುಣ್ಣದಂತಹ ಬಿಳಿ ಪದರ ಒರಟಾಗಿ ತಾಗಿದರೆ, ಷವರಿನ ಅರ್ಧದಷ್ಟು ರಂಧ್ರಗಳು ಮುಚ್ಚಿದ್ದರೆ, ನಿಮ್ಮ ಗೀಸರ್ ಮತ್ತು ವಾಷಿಂಗ್ ಮಷೀನ್ ಎರಡಕ್ಕೂ ಆ ನೀರು ಒಳ್ಳೆಯದಲ್ಲ. ಎಷ್ಟೋ ಮನೆಗಳಲ್ಲಿ ಅಡುಗೆಮನೆಗೆ ಕಾವೇರಿ, ಬಚ್ಚಲಿಗೆ ಬೋರ್‌ವೆಲ್ ಎಂದು ಎರಡು ಪ್ರತ್ಯೇಕ ಸಾಲುಗಳಿರುತ್ತವೆ. ಈ ವ್ಯವಸ್ಥೆ ಒಳ್ಳೆಯದೇ, ಯಾವ ನಲ್ಲಿ ಯಾವುದೆಂದು ಕೇಳಿ ತಿಳಿದಿರಬೇಕಷ್ಟೆ.

ಇನ್ನು ಮಳೆ. ಕೆರೆಗಳಿಂದ ಕೆರೆಗಳಿಗೆ ನೀರು ಹರಿಸುತ್ತಿದ್ದ ರಾಜಕಾಲುವೆಗಳ ಅಕ್ಕಪಕ್ಕ ಕಟ್ಟಡಗಳೆದ್ದ ಊರಿದು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ದುಬಾರಿ ಬಡಾವಣೆಗಳಲ್ಲೇ ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಜನರನ್ನು ಹೊರಗೆ ತಂದದ್ದನ್ನು ನೋಡಿದ್ದೇವೆ. ಆದ್ದರಿಂದ ಬಾಡಿಗೆ ಹೆಚ್ಚಿದ್ದ ಮಾತ್ರಕ್ಕೆ ನೆಲ ಎತ್ತರದಲ್ಲಿದೆ ಎಂದುಕೊಳ್ಳಬಾರದು. ಬೀದಿ ಯಾವ ಕಡೆಗೆ ಇಳಿಜಾರಾಗಿದೆ, ಆ ಇಳಿಜಾರಿನ ಕೊನೆಯಲ್ಲಿ ನೀವು ನೋಡುತ್ತಿರುವ ಮನೆಯೇ ಇದೆಯೇ ಎಂದು ನಡೆದು ನೋಡಿ. ಕಾಂಪೌಂಡ್ ಗೋಡೆಗಳ ಕೆಳಭಾಗದಲ್ಲಿ ಒಂದೇ ಎತ್ತರಕ್ಕೆ ಮಣ್ಣುಬಣ್ಣದ ಕಲೆ ಸಾಗಿದ್ದರೆ, ಅಕ್ಕಪಕ್ಕದ ಮನೆಗಳ ಗೇಟಿನ ಬಳಿ ಇತ್ತೀಚೆಗೆ ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿಕೊಂಡಿದ್ದರೆ, ನೆಲಮಹಡಿಯ ಮರದ ಬಾಗಿಲುಗಳ ತುದಿ ಉಬ್ಬಿದ್ದರೆ ಅಲ್ಲಿ ನೀರು ನಿಂತಿದೆ ಎಂದೇ ತಿಳಿಯಬೇಕು. ಅಂತಹ ಬೀದಿಯಲ್ಲಿ ಮನೆ ಬೇಕೇ ಬೇಕೆಂದರೆ ಮೊದಲನೇ ಮಹಡಿಯದನ್ನೋ ಅದಕ್ಕಿಂತ ಮೇಲಿನದನ್ನೋ ಹುಡುಕಿ, ವಾಹನ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಯೋಚಿಸಿ.

ಮನೆಯೊಳಗಿನ ತೇವವನ್ನು ಹೊಸ ಬಣ್ಣ ಕೆಲವು ತಿಂಗಳು ಮುಚ್ಚಿಡುತ್ತದೆ. ಇಡೀ ಕೋಣೆಗೆ ಹಳೆಯ ಬಣ್ಣವಿದ್ದು ಒಂದು ಗೋಡೆಗೆ ಮಾತ್ರ ಹೊಸದು ಬಳಿದಿದ್ದರೆ ಆ ಗೋಡೆಯ ಆಚೆ ಬಚ್ಚಲುಮನೆ ಇದೆಯೇ ಎಂದು ನೋಡಿ. ಅಂಗೈಗಿಂತ ಕೈಯ ಹಿಂಭಾಗಕ್ಕೆ ತಂಪು ಬೇಗ ತಿಳಿಯುತ್ತದೆ. ಗೋಡೆಯ ಬುಡಕ್ಕೆ ಕೈಯಿಟ್ಟು, ಒಂದಡಿ ಮೇಲೆ ಮತ್ತೆ ಇಟ್ಟು ಹೋಲಿಸಿ. ಕಪಾಟಿನ ಬಾಗಿಲು ತೆರೆದು ಒಳಗೆ ತಲೆಯಿಟ್ಟು ಉಸಿರೆಳೆದುಕೊಳ್ಳಿ, ಬೂಷ್ಟಿನ ವಾಸನೆಯನ್ನು ಯಾವ ಬಣ್ಣವೂ ಮರೆಮಾಡುವುದಿಲ್ಲ. ಕೊನೆಯ ಮಹಡಿಯ ಮನೆಯಾದರೆ ಚಾವಣಿಯ ಮೂಲೆಗಳನ್ನು ನೋಡಿ, ಸಾಧ್ಯವಾದರೆ ಮಧ್ಯಾಹ್ನ ಮೂರು ಗಂಟೆಗೆ ಒಮ್ಮೆ ಹೋಗಿ ನಿಂತು ಬನ್ನಿ. ಬೆಳಿಗ್ಗೆ ತಂಪಾಗಿ ಕಂಡ ಕೋಣೆ ಆ ಹೊತ್ತಿಗೆ ಬೇರೆಯೇ ಆಗಿರುತ್ತದೆ. ಮೂವತ್ತು ನಲವತ್ತರ ನಿವೇಶನಗಳಲ್ಲಿ ಎಲ್ಲೆಯವರೆಗೂ ಕಟ್ಟಿರುವ ಕಟ್ಟಡಗಳೇ ಹೆಚ್ಚು, ಕಿಟಕಿ ತೆರೆದರೆ ಕೈಗೆಟುಕುವ ದೂರದಲ್ಲಿ ಪಕ್ಕದವರ ಗೋಡೆ. ಹಗಲಿನಲ್ಲಿ ದೀಪಗಳನ್ನೆಲ್ಲ ಆರಿಸಿ, ಕಿಟಕಿ ತೆರೆದು, ಐದು ನಿಮಿಷ ಸುಮ್ಮನೆ ಕುಳಿತರೆ ಗಾಳಿ ಬೆಳಕಿನ ವಿಷಯ ಸ್ಪಷ್ಟವಾಗುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಒಂದೇ ಮುಖ್ಯ ಪ್ರಶ್ನೆ: ನಿಮ್ಮ ಮನೆಗೆ ಬೆಸ್ಕಾಂನ ಪ್ರತ್ಯೇಕ ಮೀಟರ್, ಪ್ರತ್ಯೇಕ ಆರ್‌ಆರ್ ನಂಬರ್ (ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ) ಇದೆಯೇ? ಒಂದೇ ಮೀಟರಿನ ಕೆಳಗೆ ಸಬ್‌ಮೀಟರ್ ಹಾಕಿರುವ ಮನೆಯಲ್ಲಿ ಯೂನಿಟ್ಟಿನ ದರವನ್ನು ಮಾಲೀಕರು ಹೇಳಿದಂತೆ ಕೊಡಬೇಕಾಗುತ್ತದೆ. ಗೃಹಜ್ಯೋತಿಯ ಪ್ರಯೋಜನವೂ ನಿಮ್ಮ ಹೆಸರಿಗೆ ಸಿಗುವುದಿಲ್ಲ. 2023ರಲ್ಲಿ ಜಾರಿಗೆ ಬಂದ ಈ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಆದರೆ ಹಿಂದಿದ್ದವರು ತಮ್ಮ ಆಧಾರ್ ಜೋಡಣೆಯನ್ನು ಆ ಆರ್‌ಆರ್ ನಂಬರಿನಿಂದ ಡಿಲಿಂಕ್ ಮಾಡಿ ಹೋಗಿರಬೇಕು. ಸೋಲಾರ್ ಬಿಸಿನೀರು ಇದೆ ಎಂದು ಹೇಳಿದರೆ, ಆ ಸಾಲು ನಿಮ್ಮ ಮಹಡಿಯ ಬಚ್ಚಲಿಗೂ ಬಂದಿದೆಯೇ ಎಂದು ನಲ್ಲಿ ತಿರುಗಿಸಿಯೇ ನೋಡಿ.

ಕಚೇರಿಗೆ ಎಷ್ಟು ದೂರ ಎಂಬುದನ್ನು ಈ ನಗರದಲ್ಲಿ ನಿಮಿಷಗಳಲ್ಲಿ ಅಳೆಯಬೇಕು, ಅದೂ ವಾರದ ದಿನ ಬೆಳಿಗ್ಗೆ ಒಂಬತ್ತಕ್ಕೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ಆರಂಭವಾದ ಮೇಲೆ ಆ ಭಾಗದಲ್ಲಿ ಮನೆ ಹುಡುಕುವವರಿಗೆ ಆಯ್ಕೆ ಹೆಚ್ಚಾಗಿದೆ. ಆದರೂ "ಮೆಟ್ರೊಗೆ ಐದು ನಿಮಿಷ" ಎಂಬ ಜಾಹೀರಾತನ್ನು ಕಾಲ್ನಡಿಗೆಯಲ್ಲಿ ಪರೀಕ್ಷಿಸಿ. ಮನೆಯಲ್ಲಿ ಹೆಣ್ಣುಮಕ್ಕಳು, ವಯಸ್ಸಾದವರು ಇದ್ದರೆ ಅದೇ ದಾರಿಯನ್ನು ರಾತ್ರಿ ಒಂಬತ್ತರ ನಂತರವೂ ಒಮ್ಮೆ ನಡೆಯಿರಿ.

ಮನೆ ಒಪ್ಪಿಗೆಯಾದ ಮೇಲೆ ಹಣದ ಮಾತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಪಡೆಯುವ ರೂಢಿ ಬಹುಕಾಲದಿಂದ ಇದೆ, ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಸತಿಗೆ ಎರಡು ತಿಂಗಳ ಮಿತಿ ಇದೆಯಾದರೂ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ. ರಾಜ್ಯವೊಂದು ಅದನ್ನು ತನ್ನ ಕಾನೂನಾಗಿ ಮಾಡಿಕೊಳ್ಳದೆ ಅಲ್ಲಿನ ಮಾಲೀಕರನ್ನು ಅದು ಕಟ್ಟಿಹಾಕುವುದಿಲ್ಲ. ಇನ್ನು 1999ರ ಕರ್ನಾಟಕ ಬಾಡಿಗೆ ಅಧಿನಿಯಮ, ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ವಸತಿಗೆ ಅನ್ವಯಿಸುವುದೇ ಇಲ್ಲ. ಇಂದಿನ ಬಾಡಿಗೆಗಳಲ್ಲಿ ಇದರ ಅರ್ಥವಿಷ್ಟೇ: ನಿಮ್ಮನ್ನು ಕಾಯುವುದು ನೀವು ಸಹಿ ಹಾಕುವ ಕರಾರುಪತ್ರ. ಆದ್ದರಿಂದ ಆ ಮೂರು ನಾಲ್ಕು ಹಾಳೆಗಳನ್ನು ಮನೆಗೆ ತಂದು ನಿಧಾನವಾಗಿ ಓದಿ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುವುದರಿಂದ ಹನ್ನೊಂದು ತಿಂಗಳ ಕರಾರು ಬಳಕೆಗೆ ಬಂದಿದೆ. ಅದರಲ್ಲಿ ವರ್ಷಕ್ಕೆ ಎಷ್ಟು ಶೇಕಡ ಏರಿಕೆ, ಖಾಲಿ ಮಾಡಲು ಎಷ್ಟು ತಿಂಗಳ ನೋಟಿಸ್, ಮೇಂಟೆನೆನ್ಸ್‌ನಲ್ಲಿ ಏನೇನು ಸೇರಿದೆ, ಮೋಟಾರ್ ಕೆಟ್ಟರೆ ಯಾರು ರಿಪೇರಿ ಮಾಡಿಸಬೇಕು, ಮುಂಗಡವನ್ನು ಎಷ್ಟು ದಿನದೊಳಗೆ ಹಿಂದಿರುಗಿಸಬೇಕು ಎಂಬ ಐದೂ ಅಂಕೆ ಸಮೇತ ಇರಬೇಕು. ಮಾಂಸಾಹಾರ, ನೆಂಟರಿಷ್ಟರು ಬಂದುಳಿಯುವುದು, ರಾತ್ರಿ ಗೇಟು ಹಾಕುವ ವೇಳೆ ಇವುಗಳ ಬಗ್ಗೆ ಮಾಲೀಕರಿಗೆ ಷರತ್ತುಗಳಿದ್ದರೆ ಅವನ್ನೂ ಮುಂಚೆಯೇ ಕೇಳಿಕೊಳ್ಳಿ.

ನನ್ನ ಮೊದಲ ಬಾಡಿಗೆ ಮನೆಯನ್ನು ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆಂದು ಹಿಡಿದುಕೊಂಡರು. ಅದು ಇಲ್ಲಿಯ ರೂಢಿಯೆಂದು ಒಪ್ಪಿಕೊಂಡೆ. ಆದರೆ ಕೈತೊಳೆಯುವ ಬೇಸಿನ್ನಿನಲ್ಲಿದ್ದ ಕೂದಲೆಳೆಯಂತಹ ಬಿರುಕಿಗೂ ಹಣ ಕಳೆದರು. ನಾವು ಹಾಲುಕ್ಕಿಸಿದ ದಿನವೇ ಆ ಬಿರುಕು ಅಲ್ಲಿತ್ತು, ನನ್ನ ತಾಯಿ ಅದನ್ನು ನೋಡಿ ಹೇಳಿದ್ದರು ಕೂಡ. ಫೋಟೊ ತೆಗೆದಿರಲಿಲ್ಲ, ಯಾರಿಗೂ ತಿಳಿಸಿರಲಿಲ್ಲ, ಆದ್ದರಿಂದ ವಾದಿಸಲು ನನ್ನ ಬಳಿ ಏನೂ ಇರಲಿಲ್ಲ. ಪೇಂಟಿಂಗ್‌ಗೆ ಎಷ್ಟು ಕಡಿತ ಎಂಬುದನ್ನು ಕರಾರಿನಲ್ಲೇ ಬರೆಸಿ, ಅದನ್ನು ಬಿಟ್ಟು ಬೇರೆ ಕಡಿತಕ್ಕೆ ರಸೀದಿ ಕೊಡಬೇಕೆಂಬ ಸಾಲನ್ನು ಸೇರಿಸಲು ಕೇಳಿ. ಬಹಳಷ್ಟು ಮಾಲೀಕರು ಇದಕ್ಕೆ ಬೇಡವೆನ್ನುವುದಿಲ್ಲ.

ಭೋಗ್ಯಕ್ಕೆ, ಅಂದರೆ ಇಲ್ಲಿ ಲೀಸ್ ಎನ್ನುವ ಪದ್ಧತಿಯಲ್ಲಿ ಮನೆ ಹಿಡಿಯುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಲಕ್ಷಗಟ್ಟಲೆ ಹಣವನ್ನು ಒಟ್ಟಿಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಕೊನೆಗೆ ಪೂರ್ತಿ ಹಣ ವಾಪಸ್ ಪಡೆಯುವ ಈ ಏರ್ಪಾಡಿನಲ್ಲಿ ಆ ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಕಂತು ಕಟ್ಟದೆ ಹರಾಜಿಗೆ ಬಂದರೆ ನಿಮ್ಮ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಮಾಲೀಕರಿಗೆ ತಿಂಗಳ ಬಾಡಿಗೆ ಕೊಡುತ್ತಾ, ನಿಮ್ಮಿಂದ ಲೀಸ್ ಹಣ ಪಡೆಯುವ ಮಧ್ಯವರ್ತಿಗಳೂ ಇದ್ದಾರೆ. ನೋಂದಣಿ ಇಲಾಖೆಯ ಜಾಲತಾಣವಾದ ಕಾವೇರಿ ಆನ್‌ಲೈನ್‌ನಲ್ಲಿ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ, ಖಾತೆ ಮತ್ತು ಆಸ್ತಿ ತೆರಿಗೆ ರಸೀದಿಯಲ್ಲಿರುವ ಹೆಸರಿನವರೊಂದಿಗೇ ಮುಖಾಮುಖಿ ಮಾತಾಡಿ, ಕರಾರನ್ನು ನೋಂದಣಿ ಮಾಡಿಸಿ, ಹಣವನ್ನು ಅವರ ಬ್ಯಾಂಕ್ ಖಾತೆಗೇ ಕಳುಹಿಸಿ. ನೋಂದಣಿಗೆ ಒಪ್ಪದಿದ್ದರೆ ಆ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಸಾಮಾನ್ಯ ಬಾಡಿಗೆಯಲ್ಲೂ ಮನೆಯನ್ನು ಕಣ್ಣಾರೆ ನೋಡುವ ಮೊದಲು ಒಂದು ರೂಪಾಯಿಯನ್ನೂ ಕಳುಹಿಸಬಾರದು. ತಾನು ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಗೇಟ್ ಪಾಸಿಗೆ ಹಣ ಹಾಕಿ ಎಂದು ಕ್ಯೂಆರ್ ಕೋಡ್ ಕಳುಹಿಸುವುದು ವಂಚಕರ ಹಳೆಯ ವಿಧಾನ.

ಬಾಡಿಗೆ ತಿಂಗಳಿಗೆ 50,000 ರೂಪಾಯಿ ಮೀರಿದರೆ ಬಾಡಿಗೆದಾರರೇ ಅದರಿಂದ ತೆರಿಗೆ (ಟಿಡಿಎಸ್) ಮುರಿದು ಸರ್ಕಾರಕ್ಕೆ ಕಟ್ಟಬೇಕು. ಸಂಬಳದವರು ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳುವುದಾದರೆ, ಬಾಡಿಗೆ ವರ್ಷಕ್ಕೆ ಒಂದು ಲಕ್ಷ ಮೀರಿದಾಗ ಮಾಲೀಕರ ಪ್ಯಾನ್ ಬೇಕಾಗುತ್ತದೆ. ಕೊಡುತ್ತೀರಾ ಎಂದು ಸಹಿ ಹಾಕುವ ಮುನ್ನವೇ ಕೇಳಿ.

ಬೀಗದ ಕೈ ಪಡೆದ ದಿನ, ಸಾಮಾನು ಇಳಿಸುವ ಮೊದಲು, ಖಾಲಿ ಮನೆಯ ಪ್ರತಿ ಕೋಣೆಯನ್ನೂ ವಿಡಿಯೊ ಮಾಡಿಕೊಳ್ಳಿ. ಸಿಂಕು, ಕಮೋಡು, ಕಿಟಕಿಯ ಗಾಜು, ಬಾಗಿಲಿನ ಚಿಲಕಗಳನ್ನು ಹತ್ತಿರದಿಂದ ತೆಗೆಯಿರಿ. ಎಷ್ಟು ಫ್ಯಾನ್, ಎಷ್ಟು ಟ್ಯೂಬ್‌ಲೈಟ್, ಗೀಸರ್, ಎಷ್ಟು ಜೊತೆ ಕೀಲಿಕೈ ಎಂದು ಪಟ್ಟಿ ಮಾಡಿ ಕರಾರಿಗೆ ಲಗತ್ತಿಸಿ. ಮೀಟರಿನ ಅಂಕೆಯ ಫೋಟೊ ತೆಗೆದು, ಹಿಂದಿನವರ ವಿದ್ಯುತ್ ಮತ್ತು ನೀರಿನ ಬಾಕಿ ತೀರಿದೆಯೇ ಎಂದು ಬಿಲ್ ನೋಡಿ ಖಚಿತಪಡಿಸಿಕೊಳ್ಳಿ. ಇವೆಲ್ಲವನ್ನೂ ಅಂದೇ ಮಾಲೀಕರಿಗೆ ವಾಟ್ಸ್ಯಾಪ್‌ನಲ್ಲಿ ಕಳುಹಿಸಿ, "ನೋಡಿದ್ದೇನೆ" ಎಂಬ ಅವರ ಉತ್ತರ ಬಂದ ಮೇಲೆ ಸಾಮಾನಿನ ಗಾಡಿಯನ್ನು ಕರೆಸಿ.