ಬಣ್ಣ ಕೆಡದ ತರಕಾರಿ ಕಡ್ಡಿ: ಉಕ್ಕರಿಸಿದ ಹಿಟ್ಟೇ ಕೊನೆಗೆ ಕೈ ಹಿಡಿಯಿತು

ಎಳೆಮಕ್ಕಳು ಕೈಯಲ್ಲಿ ಹಿಡಿದು ತಿನ್ನುವ ತರಕಾರಿ ಕಡ್ಡಿಗೆ ಆಲೂಗಡ್ಡೆ ಇಲ್ಲ, ಮೈದಾ ಇಲ್ಲ, ಮೊಟ್ಟೆ ಇಲ್ಲ, ಚೀಸ್ ಇಲ್ಲ, ಉಪ್ಪೂ ಇಲ್ಲ. ಎಣ್ಣೆಯಲ್ಲಿ ಕರಿಯುವುದೂ ಇಲ್ಲ. ಆದರೂ ಬೀಟ್‌ರೂಟ್ ಕಡ್ಡಿ ಕೆಂಪಗೇ ಇರಬೇಕು, ಹುರುಳಿಕಾಯಿ ಕಡ್ಡಿ ಹಸಿರಾಗೇ ಇರಬೇಕು. 8 ತಿಂಗಳ ಮಗು ಮುಷ್ಟಿಯಲ್ಲಿ ಹಿಡಿದರೆ ಮುರಿಯಬಾರದು, ಒಸಡಲ್ಲಿ ಒತ್ತಿದರೆ ಮಾತ್ರ ಕರಗಬೇಕು. ಇದು ಆಗದ ಕೆಲಸ ಅಂತ ನನಗೆ ಹೇಳದವರೇ ಇಲ್ಲ. ನಮ್ಮ ಓರಗಿತ್ತಿ ಹೇಳಿದರು, ಮನೆಯಿಂದಲೇ ಅಡುಗೆ ಮಾರುವ ಇಬ್ಬರು ಗೆಳತಿಯರು ಹೇಳಿದರು, ಜಯನಗರ ಕಡೆಯ ಒಂದು ಡೇ ಕೇರ್‌ನವರಂತೂ ಮುಖದ ಮೇಲೇ ಹೇಳಿದರು: "ಬಣ್ಣ ಬೇಕಂದ್ರೆ ಬಾಟಲಿ ಬಣ್ಣ ಹಾಕ್ತೀರ ಅಷ್ಟೇ ಮೇಡಂ, ಬೇರೆ ದಾರಿ ಇಲ್ಲ." ಈಗ ಅದೇ ಡೇ ಕೇರ್‌ಗೆ ವಾರಕ್ಕೆರಡು ಸಲ ನನ್ನ ಡಬ್ಬ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಗುವಿಗೆ 6 ತಿಂಗಳ ಮೇಲೆ ಏನು ಕೊಡಬೇಕು, ರಾಗಿ ಸರಿ ಹೇಗೆ ಕಾಸಬೇಕು, ಇವೆಲ್ಲ ನಿಮಗೆ ಗೊತ್ತಿರುತ್ತದೆ. ಸುಮ್ನೆ ಹೇಳಿದ್ದನ್ನೇ ಹೇಳಲ್ಲ. ಕೆಟ್ಟಿದ್ದರ ಲೆಕ್ಕವನ್ನೇ ಮೊದಲು ಕೊಡುತ್ತೇನೆ, ನಿಮ್ಮ ದುಡ್ಡಾದರೂ ಉಳಿಯಲಿ.

ಮೊದಲು ಎಲ್ಲರ ಹಾಗೆ ಆಲೂಗಡ್ಡೆಯಿಂದಲೇ ಶುರು ಮಾಡಿದ್ದೆ. ಕಡ್ಡಿ ನಿಲ್ಲುತ್ತದೆ ನಿಜ, ಆದರೆ ಯಾವ ತರಕಾರಿ ಹಾಕಿದರೂ ಬಣ್ಣ ಸತ್ತು ಮಾಸಲಾಗುತ್ತದೆ, ರುಚಿಯೂ ಆಲೂಗಡ್ಡೆಯದ್ದೇ. ಆಮೇಲೆ ಹಸಿ ಅಕ್ಕಿ ಹಿಟ್ಟಿಗೆ ರುಬ್ಬಿದ ತರಕಾರಿ ಕಲಸಿ ಹಬೆಯಲ್ಲಿ ಬೇಯಿಸಿದೆ. ಅಷ್ಟು ದಪ್ಪದ ಹಸಿ ಹಿಟ್ಟು ಒಳಗೆ ಪೂರ್ತಿ ಬೇಯಬೇಕಾದರೆ 20 ನಿಮಿಷ ಬೇಕೇ ಬೇಕು. ಅಷ್ಟರಲ್ಲಿ ಬೀಟ್‌ರೂಟ್ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಹುರುಳಿಕಾಯಿ ಖಾಕಿಯಾಗುತ್ತದೆ. ಆನ್‌ಲೈನ್‌ನಲ್ಲಿ ಬೆರಳಾಕಾರದ ಸಿಲಿಕೋನ್ ಅಚ್ಚು ತರಿಸಿದೆ, ಸುಮಾರು 900 ರೂಪಾಯಿ. ಅದರಿಂದ ಬಿಡಿಸುವಾಗ ಅರ್ಧಕ್ಕರ್ಧ ಮುರಿದವು. ಒಂದು ಗಂಟೆ ಕೂತರೂ 30 ಕಡ್ಡಿ ದಾಟುತ್ತಿರಲಿಲ್ಲ. ಫ್ರೀಜರ್‌ನಲ್ಲಿ ಇಟ್ಟವು ಬಿಸಿ ಮಾಡಿದಾಗ ನೀರು ಬಿಟ್ಟು ಮೆತ್ತಗೆ ಕುಸಿದವು. ಮೊದಲ ಕೆಲವು ತಿಂಗಳಲ್ಲಿ ತರಕಾರಿ, ಗ್ಯಾಸ್, ಅಚ್ಚು, ಡಬ್ಬ ಎಲ್ಲ ಸೇರಿ 14-15 ಸಾವಿರ ನೀರಿಗೆ ಹೋಯಿತು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಗ್ಯಾಸ್ ಯಾಕೆ ಇಷ್ಟು ಬೇಗ ಮುಗೀತಿದೆ ಅನ್ನೋ ಪ್ರಶ್ನೆ ಮಾತ್ರ ದಿನಾ ಬರುತ್ತಿತ್ತು.

ದಾರಿ ಸಿಕ್ಕಿದ್ದು ಅಕ್ಕಿ ರೊಟ್ಟಿ ಹಿಟ್ಟಿನಲ್ಲಿ. ಅತ್ತೆ ಕುದಿಯುವ ನೀರಿಗೆ ಹಿಟ್ಟು ಹಾಕಿ ಮಗುಚಿ ಉಕ್ಕರಿಸುತ್ತಿದ್ದರು. ಹಿಟ್ಟು ಮೊದಲೇ ಬೆಂದಿದ್ದರೆ ಆಮೇಲೆ ತರಕಾರಿಗೆ ಅಷ್ಟು ಹಬೆ ಯಾಕೆ ಬೇಕು ಅಂತ ಆಗ ತಲೆಗೆ ಹೊಳೆಯಿತು. ಬೆಂದ ಹಿಟ್ಟಿಗೆ ಬೆಂದ ತರಕಾರಿ ನಾದಿ, ಒತ್ತಿ, ಬರೀ 5-6 ನಿಮಿಷ ಹಬೆ ತೋರಿಸಿದರೆ ಸಾಕು. ಬಣ್ಣ ಕೆಡುವಷ್ಟು ಹೊತ್ತು ರುಬ್ಬಿದ ತರಕಾರಿ ಒಲೆ ಮೇಲೆ ಇರುವುದೇ ಇಲ್ಲ. ನನ್ನ ಇಡೀ ವಿಧಾನ ಇಷ್ಟೇ, ಉಳಿದದ್ದೆಲ್ಲ ಹದ.

ಇದಕ್ಕೂ ಓರಗಿತ್ತಿ ಅಡ್ಡಬಾಯಿ ಹಾಕಿದರು. "ಉಕ್ಕರಿಸಿದ ಹಿಟ್ಟು ಮಗೂನ ಅಂಗುಳಿಗೆ ಅಂಟ್ಕೊಳ್ಳುತ್ತೆ ಕಣೇ" ಅಂದರು. ಅವರು ಹೇಳಿದ್ದು ಸರಿಯೇ ಇತ್ತು. ಬರೀ ಅಕ್ಕಿ ಹಿಟ್ಟಿನದು ಅಂಟುತ್ತದೆ, ಅಂಟುವ ಮುದ್ದೆ ಎಳೇ ಮಗುವಿಗೆ ಅಪಾಯ. ಅದಕ್ಕೆ ಹಿಟ್ಟನ್ನೇ ಬದಲಿಸಿದೆ. ಈಗ ನನ್ನದು ಅರ್ಧ ಅಕ್ಕಿ ಹಿಟ್ಟು. ಉಳಿದ ಅರ್ಧದಲ್ಲಿ ಹುರಿದು ತರಿತರಿಯಾಗಿ ಪುಡಿ ಮಾಡಿದ ಹೆಸರುಬೇಳೆ, ಜೊತೆಗೆ ಇನ್ನೊಂದು ಪುಡಿ. ಆ ಇನ್ನೊಂದು ಯಾವುದು, ಎಷ್ಟು ಅನ್ನುವುದನ್ನು ಇಲ್ಲಿ ಬರೆಯಲ್ಲ, ಅದರ ಮೇಲೇ ನನ್ನ ವ್ಯಾಪಾರ ನಿಂತಿದೆ. ಹೆಸರುಬೇಳೆಯ ತರಿ ಇದ್ದರೆ ಕಡ್ಡಿ ಬಾಯಲ್ಲಿ ಅಂಟದೆ ಬಿಡಿಬಿಡಿಯಾಗಿ ಒಡೆಯುತ್ತದೆ. ನುಚ್ಚಿನುಂಡೆ ತಿಂದವರಿಗೆ ಈ ಹದ ಹೇಳಬೇಕಾಗಿಲ್ಲ. ಸುಮಾರು ಕಾಲು ಕಿಲೋ ಹಿಟ್ಟಿಗೆ ಮುಕ್ಕಾಲು ಕಿಲೋ ಹತ್ತಿರ ಬೆಂದ ತರಕಾರಿ ಹಿಡಿಯುತ್ತದೆ. ತರಕಾರಿ ನೀರು ಜಾಸ್ತಿ ಬಿಟ್ಟರೆ ಹಿಟ್ಟು ಸೇರಿಸಲು ಹೋಗಬೇಡಿ. ತರಕಾರಿಯನ್ನೇ ಮೊದಲು ಬಟ್ಟೆಯಲ್ಲಿ ಹಿಂಡಿ, ಆ ನೀರಲ್ಲೇ ಹಿಟ್ಟು ಉಕ್ಕರಿಸಿ.

ಇನ್ನು ಒಂದೊಂದೇ ಬಣ್ಣ. ಬೀಟ್‌ರೂಟನ್ನು ಸಿಪ್ಪೆ ಸಮೇತ, ತೊಟ್ಟು ಒಂದಿಂಚು ಬಿಟ್ಟು ಇಡಿಯಾಗಿ ಬೇಯಿಸಿ. ಕತ್ತರಿಸಿ ಬೇಯಿಸಿದರೆ ಬಣ್ಣವೆಲ್ಲ ನೀರಿಗೆ ಹೋಗುತ್ತದೆ. ರುಬ್ಬುವಾಗಲೇ ನಿಂಬೆ ರಸ ಹಾಕಿ, ಕಡ್ಡಿ ಹಬೆಯಲ್ಲಿ ಬೆಂದ ಮೇಲೆ ಹಾಕಿದರೆ ಪ್ರಯೋಜನ ಇಲ್ಲ. ಹುಳಿ ಇದ್ದರೆ ಆ ಕೆಂಪು ಬಿಸಿಯನ್ನು ಸ್ವಲ್ಪ ತಡೆಯುತ್ತದೆ. ಹಸಿರಿನದು ಪೂರಾ ಉಲ್ಟಾ, ಹುಳಿ ತಾಗಿದರೆ ಕೆಟ್ಟಿತು ಅಂತಲೇ. ಹುರುಳಿಕಾಯಿ ಬೇಯುವಾಗ ಅದರೊಳಗಿನ ಹುಳಿಯೇ ಹಬೆಯಲ್ಲಿ ಹೊರಗೆ ಬರುತ್ತದೆ, ಮುಚ್ಚಳ ಮುಚ್ಚಿದರೆ ವಾಪಸ್ ಅದರ ಮೇಲೇ ಬೀಳುತ್ತದೆ. ಹಾಗಾಗಿ ಕುದಿಯುವ ನೀರು ಜಾಸ್ತಿ ಇರಲಿ, ಮುಚ್ಚಳ ಬೇಡ, ಬೆಂದ ತಕ್ಷಣ ತಣ್ಣೀರಿಗೆ ಹಾಕಿ. ಚಿಟಿಕೆ ಸೋಡಾ ಹಾಕಿದರೆ ಹಸಿರು ಮಿಂಚುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮಿಂಚುವುದೇನೋ ನಿಜ, ಆದರೆ ಕಾಯಿ ಲೋಳೆಯಾಗುತ್ತದೆ, ವಿಟಮಿನ್ ಸಿ ಕೂಡ ಹಾಳಾಗುತ್ತದೆ. ಹಸಿರನ್ನು ಮಾರನೆಯ ದಿನದವರೆಗೆ ಉಳಿಸುವ ಒಂದು ಉಪಾಯ ನನ್ನ ಹತ್ತಿರ ಇದೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಕ್ಯಾರೆಟ್ ಸಲೀಸು. ಊಟಿ ಕ್ಯಾರೆಟ್ ಸಣ್ಣಗೆ ತುರಿದು ತುಪ್ಪದಲ್ಲಿ ಬಾಡಿಸಿ. ಅದರ ಬಣ್ಣ ತುಪ್ಪಕ್ಕೆ ಇಳಿಯುತ್ತದೆ, ತುಪ್ಪದ ಮೂಲಕ ಹಿಟ್ಟಿಗೆಲ್ಲ ಹರಡುತ್ತದೆ. ನೀರಲ್ಲಿ ಬೇಯಿಸಿದರೆ ಚುಕ್ಕೆ ಚುಕ್ಕೆಯಾಗಿ ನಿಲ್ಲುತ್ತದೆ ಅಷ್ಟೇ. ಸಿಹಿಕುಂಬಳಕ್ಕೂ ಇದೇ ಲೆಕ್ಕ. ನೀರು ಜಾಸ್ತಿ ಇರುವುದರಿಂದ ಬಾಣಲೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಆಡಿಸಬೇಕು.

ನನ್ನನ್ನು ಸಾಕಷ್ಟು ಕಾಡಿದ್ದು ನೇರಳೆ ಎಲೆಕೋಸು. ಚೆನ್ನಾಗಿ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ಬೂದು ನೀಲಿಯಾಗತೊಡಗಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ನೀರಿಗೆ ಪರದಾಟ ಇತ್ತಲ್ವಾ, ಆಗಿನ ಮಾತು. ಕಾವೇರಿ ಬರುವುದು ಕಡಿಮೆಯಾಗಿ ಟ್ಯಾಂಕರ್‌ನಲ್ಲಿ ಬೋರ್ ನೀರು ಹಾಕಿಸುತ್ತಿದ್ದೆವು. ಅಂಗಡಿ ಬದಲಿಸಿದೆ, ಪಾತ್ರೆ ಬದಲಿಸಿದೆ, ಕೋಸಿನಲ್ಲೇ ದೋಷ ಅಂದುಕೊಂಡೆ. ಒಂದು ಸಂಜೆ ಒಂದೇ ಕೋಸನ್ನು ಎರಡು ಭಾಗ ಮಾಡಿ ಒಂದನ್ನು ಕುಡಿಯುವ ಕ್ಯಾನ್ ನೀರಲ್ಲಿ, ಇನ್ನೊಂದನ್ನು ಬೋರ್ ನೀರಲ್ಲಿ ಬೇಯಿಸಿದೆ. ಕ್ಯಾನ್ ನೀರಿನದು ನೇರಳೆಯಾಗೇ ಉಳಿಯಿತು. ಬೋರ್ ನೀರಿನದು ನೀಲಿ. ನೀಲಿ ಬಟ್ಟಲಿಗೆ ನಾಲ್ಕು ಹನಿ ನಿಂಬೆ ಹಿಂಡಿದೆ, ಕಣ್ಣೆದುರೇ ಗುಲಾಬಿಯಾಯಿತು. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದೇ ತರ. ಬೋರ್ ನೀರಿನ ಕ್ಷಾರ ಕುದಿಸಿದಷ್ಟೂ ಜೋರಾಗುತ್ತದೆ. ಅಂದಿನಿಂದ ಎಲೆಕೋಸಿಗೆ ಬೇರೆ ನೀರು, ಅದರಲ್ಲೂ ಮೊದಲೇ ನಿಂಬೆ. ನಿಮ್ಮ ಬಡಾವಣೆಗೆ ಬರೀ ಬೋರ್ ನೀರೇ ಆದರೆ ಇದನ್ನು ಮರೆಯಲೇಬೇಡಿ.

ಆಕಾರಕ್ಕೆ ಅಚ್ಚು ಬಿಟ್ಟು ಚಕ್ಕುಲಿ ಒರಳು ಹಿಡಿದೆ. ಹಿತ್ತಾಳೆಯದು ಬೇಡ, ನಿಂಬೆ ಹುಳಿಗೆ ಕಿಲುಬು ಬರುತ್ತದೆ. ಚಿಕ್ಕಪೇಟೆಯಲ್ಲಿ ಸ್ಟೀಲಿನದು 450ರ ಆಸುಪಾಸಿನಲ್ಲಿ ಸಿಕ್ಕಿತು. ಅದರ ಒಂದು ಬಿಲ್ಲೆಗೆ ಲೇಥ್ ಅಂಗಡಿಯಲ್ಲಿ ಒಂದೇ ಒಂದು ದೊಡ್ಡ ತೂತು ಕೊರೆಸಿದೆ, 14 ಮಿಲಿಮೀಟರ್ ಇರಬೇಕು, 50 ರೂಪಾಯಿ ತಗೊಂಡರು. ಒರಳಿನಿಂದ ನೇರ ಬಾಳೆಲೆ ಮೇಲೆ ಉದ್ದಕ್ಕೆ ಒತ್ತಿ, ದೊಡ್ಡವರ ಬೆರಳುದ್ದಕ್ಕೆ ಕತ್ತರಿಸಿ, ಎಲೆ ಸಮೇತ ಇಡ್ಲಿ ಪಾತ್ರೆಗೆ ಇಡುತ್ತೇನೆ. ಈಗ ಗಂಟೆಗೆ 150 ಕಡ್ಡಿ ಆರಾಮಾಗಿ ಆಗುತ್ತದೆ. ಕೊನೆಗೆ ದೋಸೆ ಹಂಚಿನ ಮೇಲೆ ತುಪ್ಪ ಸವರಿ ಒಮ್ಮೆ ಉರುಳಿಸುತ್ತೇನೆ. ಹೊರಗೆ ತೆಳು ಪೊರೆ ಬಂದು ಮಗುವಿನ ಕೈಯಿಂದ ಜಾರುವುದು ನಿಲ್ಲುತ್ತದೆ, ಬೀಟ್‌ರೂಟ್ ಬಣ್ಣ ಪಕ್ಕದ ಕಡ್ಡಿಗೆ ಹತ್ತುವುದೂ ಕಡಿಮೆ.

ಉದ್ದ ಯಾಕೆ ಅಂದರೆ 6-8 ತಿಂಗಳ ಮಗು ಇಡೀ ಮುಷ್ಟಿಯಲ್ಲೇ ಹಿಡಿಯುವುದು. ಮುಷ್ಟಿಯಿಂದ ಹೊರಗೆ ಒಂದಿಂಚಾದರೂ ಚಾಚಿಕೊಂಡಿರಬೇಕು. 9-10 ತಿಂಗಳಿಗೆ ಹೆಬ್ಬೆರಳು ತೋರುಬೆರಳಲ್ಲಿ ಹೆಕ್ಕಲು ಬಂದ ಮೇಲೆ ಅದನ್ನೇ ಚಿಕ್ಕ ಚೂರು ಮಾಡಿಕೊಡಿ ಅಂತ ಡಬ್ಬದ ಮೇಲೆ ಚೀಟಿ ಅಂಟಿಸುತ್ತೇನೆ. ಗುಂಡಗೆ ಬಿಲ್ಲೆ ಆಕಾರ ಯಾರು ಕೇಳಿದರೂ ಮಾಡಲ್ಲ, ಗಂಟಲಿಗೆ ಸಿಕ್ಕಿಕೊಳ್ಳುವ ಆಕಾರ ಅದು. ಪ್ರತಿ ಪಾತ್ರೆಯಿಂದ ಒಂದು ಕಡ್ಡಿ ತೆಗೆದು ಎರಡು ಬೆರಳ ನಡುವೆ ಒತ್ತುತ್ತೇನೆ. ಸಲೀಸಾಗಿ ಅಪ್ಪಚ್ಚಿಯಾಗದಿದ್ದರೆ ಆ ಇಡೀ ಪಾತ್ರೆ ಮನೆಯವರ ಸಂಜೆ ತಿಂಡಿಗೆ. ಮಗುವನ್ನು ನೆಟ್ಟಗೆ ಕೂರಿಸಿ, ಪಕ್ಕದಲ್ಲೇ ಇದ್ದು ತಿನ್ನಿಸಿ ಅಂತ ಹೊಸ ತಾಯಂದಿರಿಗೆ ಫೋನ್ ಮಾಡಿಯೇ ಹೇಳುತ್ತೇನೆ. ಇನ್ನೊಂದು ಮಾತನ್ನೂ ಮೊದಲೇ ಹೇಳುವುದು ರೂಢಿಯಾಗಿದೆ: ಬೀಟ್‌ರೂಟ್ ತಿಂದ ಮಾರನೆಯ ದಿನ ಡೈಪರ್ ಕೆಂಪಗಿದ್ದರೆ ಗಾಬರಿ ಬೇಡ. ಬನಶಂಕರಿಯಿಂದ ಒಬ್ಬ ತಾಯಿ ಬೆಳಗಿನ ಜಾವ ಅಳುತ್ತಾ ಫೋನ್ ಮಾಡಿದ್ದರು. ರಕ್ತ ಅಂದುಕೊಂಡಿದ್ದರು, ಪಾಪ.

ಸಪ್ಪೆ ಅನ್ನುವ ದೂರು ದೊಡ್ಡವರದು, ಮಕ್ಕಳದಲ್ಲ. ವರ್ಷ ತುಂಬುವವರೆಗೆ ಉಪ್ಪು ಸಕ್ಕರೆ ಹಾಕಲ್ಲ, ಜೀರಿಗೆ ಪುಡಿ ಮತ್ತು ತುಪ್ಪ ಸಾಕು. ಒಂದು ಸಲ ಉಗಿದ ಮಗು ಎಂಟನೆಯ ಸಲವೋ ಹತ್ತನೆಯ ಸಲವೋ ತಿನ್ನುತ್ತದೆ. ಅಲ್ಲಿವರೆಗೆ ಕೊಡುತ್ತಿರಬೇಕು.

ಈಗ ದುಡ್ಡು. ಒಂದು ಸಲ ಹಿಟ್ಟು ಕಲಸಿದರೆ 100 ಕಡ್ಡಿ ಮೇಲೆ ಬರುತ್ತದೆ, ಡಬ್ಬಕ್ಕೆ 12 ಹಾಕಿದರೆ 8-9 ಡಬ್ಬ. ತರಕಾರಿ, ಬೇಳೆ, ತುಪ್ಪ, ಗ್ಯಾಸ್, ಬಾಳೆಲೆ, ಡಬ್ಬ ಎಲ್ಲ ಸೇರಿ ಡಬ್ಬಕ್ಕೆ 35 ರೂಪಾಯಿ ಬೀಳುತ್ತದೆ. ಮೊದಲು 80ಕ್ಕೆ ಮಾರುತ್ತಿದ್ದೆ, ತಲುಪಿಸುವುದೂ ಅದರಲ್ಲೇ. ಬೈಕ್ ಹುಡುಗರಿಗೇ 60-70 ಹೋಗುತ್ತಿತ್ತು, ಮಾರಿದಷ್ಟೂ ಲುಕ್ಸಾನು. ಈಗ ಡಬ್ಬ 110, ಮನೆಮನೆಗೆ ಕಳಿಸುವುದಿಲ್ಲ. ಒಂದೇ ರಸ್ತೆಯ ಮೂರು ಅಪಾರ್ಟ್‌ಮೆಂಟ್‌ಗೆ ಒಂದೇ ದಿನ, ಬೆಳಿಗ್ಗೆ ಗೇಟಿನ ಹತ್ತಿರ ನಾನೇ ಸ್ಕೂಟರ್‌ನಲ್ಲಿ ಕೊಟ್ಟು ಬರುತ್ತೇನೆ. ಡೇ ಕೇರ್ ಸೇರಿ ವಾರಕ್ಕೆ 60 ಡಬ್ಬದ ಹತ್ತಿರ ಹೋಗುತ್ತದೆ. ಸಹಾಯಕ್ಕೆ ಬರುವ ಹುಡುಗಿಗೆ ಕೊಟ್ಟು ತಿಂಗಳಿಗೆ 12-13 ಸಾವಿರ ಕೈಯಲ್ಲಿ ಉಳಿಯುತ್ತದೆ. ಬೇಸಿಗೆಯಲ್ಲಿ ಹುರುಳಿಕಾಯಿ ಕಿಲೋ ನೂರು ದಾಟಿದರೆ ಸುಮ್ಮನೆ ಪಾಲಕ್‌ಗೆ ಹೊರಳುತ್ತೇನೆ. ಬೆಲೆ ನೋಡಲು ಹಾಪ್‌ಕಾಮ್ಸ್ ಮಳಿಗೆಯ ಬೋರ್ಡ್, ಜಾಸ್ತಿ ಬೇಕಾದರೆ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನೋಂದಣಿ ಮಾಡಿಸದೆ ಮಕ್ಕಳ ಊಟ ಮಾರಬೇಡಿ. ನಾನು ಮಾಡಿಸಿದಾಗ ಚಿಕ್ಕ ವ್ಯಾಪಾರಕ್ಕೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು.

ನಡುನಡುವೆ ಬೇರೆ ಆಟವೂ ಆಡಿದ್ದೇನೆ. ಶಂಖಪುಷ್ಪದ ನೀಲಿ ನೋಡಲು ಚೆಂದ, ಆದರೆ ಅದು ತರಕಾರಿಯಲ್ಲ, ಎಳೆಮಕ್ಕಳಿಗೆ ಕೊಡುವ ರೂಢಿಯೂ ನಮ್ಮಲ್ಲಿಲ್ಲ, ಬಿಟ್ಟೆ. ಕೆಂಪು ದಂಟಿನ ಸೊಪ್ಪು ಬೇಯಿಸಿದ ನೀರಲ್ಲಿ ಹಿಟ್ಟು ಉಕ್ಕರಿಸಿದರೆ ತಿಳಿ ಗುಲಾಬಿ ಬರುತ್ತದೆ, ಅದು ಚೆನ್ನಾಗಿದೆ. ಬೀಟ್‌ರೂಟ್ ಒಣಗಿಸಿ ಚಿಪ್ಸ್ ಮಾಡಿದ್ದು ಗಟ್ಟಿಯಾಗಿ ದೊಡ್ಡವರ ಪಾಲಾಯಿತು. ಎಲ್ಲಕ್ಕಿಂತ ಗೆದ್ದಿದ್ದು ಹಿತಕಿದ ಅವರೆಬೇಳೆ. ಡಿಸೆಂಬರ್-ಜನವರಿಯಲ್ಲಿ ಸೊಗಡು ಅವರೆ ಬಂದಾಗ ಹೆಸರುಬೇಳೆಯ ತರಿ ಕಡಿಮೆ ಮಾಡಿ ಬೆಂದ ಹಿತಕಿದ ಬೇಳೆ ಹಾಕುತ್ತೇನೆ. ತಿಳಿ ಹಸಿರು, ಬಾಯಲ್ಲಿಟ್ಟರೆ ಬೆಣ್ಣೆ. ಆ ಎರಡು ತಿಂಗಳು ಡಬ್ಬ 130, ಆದರೂ ಉಳಿಯುವುದಿಲ್ಲ. ಅವರೆಕಾಯಿ ಬಿಡಿಸಿ, ನೆನೆಸಿ, ಹಿತುಕಲು ಅತ್ತೆ, ಅವರ ತಂಗಿ, ಪಕ್ಕದ ಮನೆಯವರು ಎಲ್ಲ ಕೂರುತ್ತಾರೆ.

ಫ್ರೀಜರ್ ಆಸೆಯನ್ನು ನಾನು ಬಿಟ್ಟಿದ್ದೇನೆ. ಸೊಪ್ಪು, ಬೀಟ್‌ರೂಟ್ ಬೇಯಿಸಿ ರುಬ್ಬಿದ್ದನ್ನು ಹೊರಗೋ ಬರೀ ಫ್ರಿಡ್ಜ್‌ನಲ್ಲೋ ದಿನಗಟ್ಟಲೆ ಇಡುವುದೂ ಮಕ್ಕಳಿಗೆ ಒಳ್ಳೆಯದಲ್ಲ, ಅದರಲ್ಲಿರುವ ನೈಟ್ರೇಟ್ ಇಟ್ಟಷ್ಟೂ ಮಕ್ಕಳಿಗೆ ಕೆಡುಕು ಮಾಡುವ ನೈಟ್ರೈಟ್ ಆಗುತ್ತದೆ. ಅವತ್ತಿಂದು ಅವತ್ತೇ ರುಬ್ಬಿ, ಅವತ್ತೇ ಒತ್ತುತ್ತೇನೆ. ಕೊಂಡವರು ಫ್ರಿಡ್ಜ್‌ನಲ್ಲಿಟ್ಟು ಮಾರನೆಯ ದಿನದೊಳಗೆ ಮುಗಿಸಬೇಕು. ತಣ್ಣಗಿದ್ದಾಗ ಅಕ್ಕಿ ಹಿಟ್ಟು ಬಿರುಸಾಗಿರುತ್ತದೆ, ಹಾಗೇ ಕೊಡಬೇಡಿ. ಎರಡು ನಿಮಿಷ ಹಬೆಯಲ್ಲಿಟ್ಟು, ಆರಿಸಿ, ಬೆರಳಲ್ಲಿ ಒತ್ತಿ ನೋಡಿಯೇ ಮಗುವಿನ ಕೈಗೆ ಕೊಡಿ.