ಹರಾಜು ನನ್ನ ಹೆಸರಿಗೆ ನಿಂತಿತು, ಜಾಗ ನಿಲ್ಲಲಿಲ್ಲ

ಉಡುಪಿ ಹತ್ತಿರ 23 ಸೆಂಟ್ಸ್ ತೆಂಗಿನ ತೋಟ, ಮಾಲೀಕ ಸಾಲ ತೀರಿಸದ್ದಕ್ಕೆ, ಕೋರ್ಟು ಹರಾಜಿಗೆ ಬಂದದ್ದು ಗೊತ್ತಾದ ಕೂಡಲೇ ಜಾಗ ನೋಡಲು ಹೋದೆ. ಎಪ್ರಿಲ್ ತಿಂಗಳು, ಆದರೂ ಬಾವಿಯಲ್ಲಿ ನೀರಿತ್ತು. ಹಿಂದಿನ ಗೇರುಗುಡ್ಡವೂ ಇದಕ್ಕೇ ಸೇರಿದ್ದು ಅಂದರು ಪಕ್ಕದ ಮನೆಯವರು. ಪಹಣಿ ತೆಗೆಸಿದರೆ ಅದು ಕುಮ್ಕಿ! ಸರಕಾರದ ಜಾಗ, ಪಕ್ಕದ ಪಟ್ಟಾ ಜಾಗದ ಒಡೆಯನಿಗೆ (ವರ್ಗದಾರನಿಗೆ) ಸೊಪ್ಪು-ಸೌದೆಯ ಸವಲತ್ತು ಉಂಟು, ಒಡೆತನ ಇಲ್ಲ. ಸಾಲಗಾರನಿಗೆ ಎಷ್ಟು ಹಕ್ಕಿತ್ತೋ ಕೋರ್ಟು ಮಾರುವುದು ಅಷ್ಟನ್ನೇ. ಗುಡ್ಡ ಬಿಟ್ಟು ಬೆಲೆ ಕಟ್ಟಿದೆ.

ಹರಾಜಿಗೆ ಐದಾರು ಜನ ಬಂದಿದ್ದರು. ಡಿಕ್ರಿದಾರರೂ, ಅಂದರೆ ಸಾಲ ಕೊಟ್ಟು ಕೇಸು ಗೆದ್ದವರೂ, ಇದ್ದರು, ಆದರೆ ಕೋರ್ಟಿನ ಅನುಮತಿ ಇಲ್ಲದೆ ಅವರು ಕೂಗುವ ಹಾಗಿಲ್ಲ. 18,40,000ಕ್ಕೆ ನನ್ನ ಹೆಸರಿಗೆ ನಿಂತಿತು. ಹರಾಜು ನಡೆಸಿದ ಕೋರ್ಟಿನ ಅಮೀನರ ಮೊದಲ ಮಾತು, "ಕಾಲಂಶ ಉಂಟಲ್ಲ?" ಶೇ. 25, ಅಂದರೆ 4,60,000, ಅಲ್ಲೇ ಕಟ್ಟಬೇಕು. ಇಲ್ಲದಿದ್ದರೆ ತಕ್ಷಣ ಮರುಹರಾಜು. ತಯಾರಾಗಿ ಹೋಗಿದ್ದೆ.

ಬೆವರು ಬಿಡಿಸಿದ್ದು ಉಳಿದ 13,80,000. 15ನೇ ದಿನ ಕೋರ್ಟು ಮುಚ್ಚುವ ಮೊದಲು ಅದು ಜಮೆ ಆಗಬೇಕು. ಬ್ಯಾಂಕಿಗೆ ಹೋದರೆ "ಮಾರಾಟ ಪ್ರಮಾಣಪತ್ರ ತನ್ನಿ, ಸಾಲ ಕೊಡುವ" ಎಂದರು. ಕೋರ್ಟು ಹರಾಜನ್ನು ಖಾಯಂ ಮಾಡಿದ ಮೇಲೆ ಕೊಡುವ ಪತ್ರ ಅದು, ಮೊದಲೇ ಎಲ್ಲಿಂದ ತರುವುದು ಮಾರಾಯ್ರೇ? ಇನ್ನು ನಾಲ್ಕು ದಿನ ಹೆಚ್ಚಿಗೆ ಕೇಳಿಕೊಂಡರೆ ಕೋರ್ಟು ಕೊಡಲಿಕ್ಕಿಲ್ಲವಾ ಎಂದು ವಕೀಲರನ್ನು ಕೇಳಿದೆ. ನ್ಯಾಯಾಧೀಶರಿಗೂ ಆ ಅಧಿಕಾರ ಇಲ್ಲವಂತೆ; ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 84, 85ನೇ ನಿಯಮ ಕಡ್ಡಾಯವೆಂದು ಸುಪ್ರೀಂ ಕೋರ್ಟು 1954ರಲ್ಲೇ ಹೇಳಿದೆ. ತಪ್ಪಿದರೆ ಕಾಲಂಶ ಮುಟ್ಟುಗೋಲು ಆದೀತು, ಮರುಹರಾಜಿನಲ್ಲಿ ಬೆಲೆ ಇಳಿದರೆ ಆ ನಷ್ಟವೂ ನಮ್ಮ ತಲೆಗೇ. ಕೈಯಲ್ಲಿದ್ದದ್ದು ಸಾಲದೆ ಹೆಂಡತಿಯ ಬಳೆ ಅಡವಿಟ್ಟು 11ನೇ ದಿನ ಕಟ್ಟಿದೆ.

ಅಷ್ಟಾದರೂ ಜಾಗ ನಮ್ಮದಲ್ಲ. ಹರಾಜಾಗಿ 60 ದಿನದೊಳಗೆ ಸಾಲಗಾರ ಹರಾಜು ಪ್ರಕಟಣೆಯಲ್ಲಿದ್ದ ಬಾಕಿಯನ್ನೂ ಖರೀದಿದಾರನಿಗೆಂದು ಹರಾಜು ಬೆಲೆಯ ಶೇ. 5ನ್ನೂ ಠೇವಣಿ ಇಟ್ಟು ಅರ್ಜಿ ಹಾಕಿದರೆ ಮಾರಾಟವೇ ರದ್ದು. ಯಾರು ಅಷ್ಟು ದುಡ್ಡು ತರುತ್ತಾರೆ ಅಂದುಕೊಂಡಿದ್ದೆ. 52ನೇ ದಿನ ಸಾಲಗಾರನ ಮಗ ತಂದು ಕಟ್ಟಿದ.

ನನ್ನ ದುಡ್ಡು ವಾಪಸು ಬಂತು, ಮೇಲೆ 92,000. ಬಳೆ ಬಿಡಿಸಿ, ಬಡ್ಡಿ, ವಕೀಲರ ಫೀಸು ಎಲ್ಲ ಕಳೆದರೂ ಸ್ವಲ್ಪ ಉಳಿಯಿತು. ಆ ಬಾವಿಯದ್ದೇ ಬೇಜಾರು.